ಒಂದು ಮಹಡಿ ಕೆಳಗಿಳಿದ ಫೈಲು

೧

ಎಲ್ಲಿಂದ ಶುರು ಮಾಡಲಿ ಹೇಳಿ. ಟ್ಯಾಬಿನಿಂದಲೋ, ಕಂಪ್ಯೂಟರಿನಿಂದಲೋ? ಎರಡರ ನಡುವೆ ಇರುವ ಗಾಳಿಯಿಂದ ಶುರು ಮಾಡಿದರೆ ವಿಮರ್ಶಕರಿಗೆ ಖುಷಿಯಾಗುತ್ತೆ, ಆದರೆ ಆ ಗಾಳಿಯೊಳಗೆ ಏನು ನಡೆಯುತ್ತೆ ಅಂತ ದೇವರಾಣೆ ನನಗೆ ಗೊತ್ತಿಲ್ಲ. ಮೊದಲ ಡ್ರಾಫ್ಟಿನ ಮೊದಲ ಸಾಲು "ಮುಸ್ಸಂಜೆಯ ಮಬ್ಬಿನಲ್ಲಿ ರಾಜಾಜಿನಗರ ಮೌನವಾಗಿತ್ತು" ಅಂತಿತ್ತು. ರಾಜಾಜಿನಗರ ಯಾವ ಕಾಲದಲ್ಲಿ ಸ್ವಾಮಿ ಮೌನವಾಗಿತ್ತು? ಅಳಿಸಿ ಹಾಕಿದೆ.

ಸುತ್ತಿ ಬಳಸಿ ಹೇಳೋದು ಬೇಡ. ನಾನು ಸಂಪತ್. ರಾಜಾಜಿನಗರ ಮೂರನೇ ಬ್ಲಾಕಿನ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಕೆಳಗೆ ಓನರು ಚನ್ನಕೇಶವ, ಅವರ ಹೆಂಡತಿ ವಿಮಲಮ್ಮ. ಮಂಗಳವಾರ ಸಾಯಂಕಾಲ ನನ್ನ ಟ್ಯಾಬಿನಿಂದ ನನ್ನ ಕಂಪ್ಯೂಟರಿಗೆ ಒಂದು ಕಥೆ ಕಳಿಸಿದೆ. ಕಥೆಯಲ್ಲಿ ಮನೆ ಓನರು ಸಾಯುತ್ತಾರೆ. ಅದು ನನ್ನ ಕಂಪ್ಯೂಟರಿಗೆ ಬರದೆ ಓನರ್ ಕಂಪ್ಯೂಟರಿಗೆ ಹೋಯಿತು. ಶುಕ್ರವಾರ ಓನರಿಗೆ ಹಾರ್ಟ್ ಆಪರೇಷನ್.

ಇಷ್ಟೇ ಕಥೆ. ಎದ್ದು ಹೋಗುವವರು ಈಗಲೇ ಹೋಗಬಹುದು, ಚಪ್ಪಲಿ ಬಾಗಿಲ ಹತ್ತಿರವೇ ಇದೆ.

೨

(ಇದು ಟೆಕ್ನಿಕಲ್ ಭಾಗ. ಬೋರಾದರೆ ಮೂರಕ್ಕೆ ಹಾರಿ.)

ನಾನು ಕೆಲಸ ಮಾಡೋದು ಕೆಂಗೇರಿಯಲ್ಲಿ, ಬರೆಯೋದು ಮೆಟ್ರೋದಲ್ಲಿ. ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಿದ ಮೇಲೆ ಸೀಟು ಸಿಕ್ಕಿದರೆ ಗದ್ಯ, ನಿಂತಿದ್ದರೆ ಪದ್ಯ. ಎಲ್ಲ ಟ್ಯಾಬಿನಲ್ಲಿ. ಮನೆಗೆ ಬಂದು ಅದನ್ನು ಕಂಪ್ಯೂಟರಿಗೆ ಹಾಕಿಕೊಂಡು ದೊಡ್ಡ ಕೀಬೋರ್ಡಿನಲ್ಲಿ ತಿದ್ದುತ್ತೇನೆ. ಮೊದಲು ಕೇಬಲ್ಲಿತ್ತು. ಟ್ಯಾಬಿನ ತೂತು ಲೂಸಾಗಿ, ಕೈಯಲ್ಲಿ ಒತ್ತಿ ಹಿಡಿದಿದ್ದರೆ ಮಾತ್ರ ಕನೆಕ್ಟಾಗೋದು. ಆಗ ಮುತ್ತುರಾಜ ಬಂದ.

ಮುತ್ತುರಾಜ ನಮ್ಮ ಏರಿಯಾದ ಕಂಪ್ಯೂಟರ್ ಡಾಕ್ಟರು. ಪಾರ್ಟುಗಳನ್ನು ತಂದು ಜೋಡಿಸಿ ಕೊಡ್ತಾನೆ. ನನ್ನದನ್ನೂ ಅವನೇ ಜೋಡಿಸಿದ್ದು, ಓನರ್ದನ್ನೂ ಅವನೇ. ತಾನು ಜೋಡಿಸಿದ ಪ್ರತಿ ಕಂಪ್ಯೂಟರಿಗೂ ಅವನು ತನ್ನ ಹೆಸರನ್ನೇ ಇಡ್ತಾನೆ: ಮುತ್ತುರಾಜ್-ಪಿಸಿ. (ನಾನು ಪ್ರತಿ ಪಾತ್ರಕ್ಕೂ ನನ್ನ ಬುದ್ಧಿಯನ್ನೇ ಇಡ್ತೀನಿ, ಅವನನ್ನು ಆಡಿಕೊಳ್ಳೋಕೆ ನನಗೇನು ಯೋಗ್ಯತೆ.) ವೈಫೈನಲ್ಲೇ ಫೈಲ್ ಕಳಿಸೋ ಒಂದು ಆ್ಯಪನ್ನು ಟ್ಯಾಬಿಗೂ ಕಂಪ್ಯೂಟರಿಗೂ ಹಾಕಿಕೊಟ್ಟ. ಎರಡೂ ಒಂದೇ ವೈಫೈನಲ್ಲಿದ್ದರೆ ಸಾಕಂತೆ, ಇಂಟರ್ನೆಟ್ಟೂ ಬೇಡವಂತೆ. ನನಗೊಂದೇ ಅನುಮಾನ, ನನ್ನ ಕಥೆಗಳು ಎಲ್ಲಾದರೂ ಸೋರಿಹೋದರೆ? "ಫೈಲು ಮನೆ ಬಿಟ್ಟು ಆಚೆ ಹೋಗಲ್ಲ ಸಾರ್, ಗ್ಯಾರಂಟಿ," ಅಂದ.

ಅವನ ಮಾತು ನಿಜ. ಮನೆ ಬಿಟ್ಟು ಹೋಗಲಿಲ್ಲ. ಒಂದು ಮಹಡಿ ಕೆಳಗಿಳಿಯಿತು ಅಷ್ಟೆ. ಯಾಕಂದರೆ ವೈಫೈ ಓನರ್ದು, ಮೆಟ್ಟಿಲ ತಿರುವಿನಲ್ಲಿರೋ ಒಂದೇ ಡಬ್ಬಿಯಿಂದ ಎರಡೂ ಮನೆಗೆ ಬರುತ್ತೆ. ವಿಮಲಮ್ಮನಿಗೆ ಮೊಬೈಲಿನ ಫೋಟೋಗಳನ್ನು ದೊಡ್ಡದಾಗಿ ನೋಡೋ ಆಸೆ ಅಂತ ಮುತ್ತುರಾಜ ಹಿಂದಿನ ದಿನ ತಾನೇ ಅವರ ಕಂಪ್ಯೂಟರಿಗೂ ಅದೇ ಆ್ಯಪ್ ಹಾಕಿದ್ದ. ಆಂಟಿಗೆ ತೊಂದರೆ ಬೇಡ ಅಂತ, ಬಂದಿದ್ದನ್ನೆಲ್ಲ ಕೇಳದೇ ತಗೊಳ್ಳೋ ಹಾಗೆ ಸೆಟ್ ಮಾಡಿದ್ದ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು.

೪

(ಮೂರು ಇತ್ತು. ವಿಮಲಮ್ಮನವರ ವರ್ಣನೆ. ಅವರೇ ನಿಂತು ತೆಗೆಸಿದರು.)

ಮಂಗಳವಾರ ಟ್ಯಾಬಿನ ಮೇಲೆ ಎರಡು ಮುತ್ತುರಾಜ್-ಪಿಸಿ ಕಾಣಿಸಿತು. ಬುದ್ಧಿ ಇರೋರು ಇಲ್ಲಿ ಒಂದು ನಿಮಿಷ ಯೋಚಿಸ್ತಾರೆ. ನಾನು ಕಥೆಗಾರ. ಮೇಲಿನ ಮನೆಯವನಿಗೆ ಮೇಲಿನದು ಅಂತ ಮೇಲಿದ್ದ ಹೆಸರನ್ನೇ ಒತ್ತಿದೆ. ನೀಲಿ ಗೆರೆ ಸರ್ ಅಂತ ಓಡಿತು, ಕಳಿಸಿಯಾಯಿತು ಅಂತ ತೋರಿಸಿತು. ನನ್ನ ಕಂಪ್ಯೂಟರ್ ಗಪ್‌ಚುಪ್. ಕೆಳಮನೆಯ ಕಿಟಕಿಯಿಂದ ಟಿಣ್ ಅಂತ ಕೇಳಿಸಿತು.

ಫೈಲಿನಲ್ಲಿ ಏನಿತ್ತು ಅಂತ ಹೇಳಿಬಿಡ್ತೀನಿ. ಕೇಶವಯ್ಯ ಅಂತ ಒಬ್ಬ ಓನರು, ಕಮಲಮ್ಮ ಅಂತ ಅವರ ಹೆಂಡತಿ. (ಹೆಸರು ಮರೆಸೋದರಲ್ಲಿ ನನ್ನ ಚಾಲಾಕಿತನ ನೋಡಿ.) ಕೇಶವಯ್ಯ ನೀರಿನ ವಿಷಯದಲ್ಲಿ ಮಹಾ ಜಿಪುಣ. ದಿನಾ ಮೋಟಾರ್ ಹಾಕಿ, ಟ್ಯಾಂಕ್ ಎಷ್ಟು ತುಂಬಿದೆ ಅಂತ ಏಣಿ ಹತ್ತಿ ಇಣುಕ್ತಾರೆ. ಒಂದು ದಿನ ಕಾಲು ಜಾರಿ ಬಿದ್ದು ಸಾಯ್ತಾರೆ. ಕೊನೆಯ ಸಾಲು: "ನೀರು ಹರಿಯುತ್ತಲೇ ಇತ್ತು." ಇದನ್ನು ಬರೆದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಆಗ ಚನ್ನಕೇಶವ ಗುಂಡುಕಲ್ಲಿನ ಹಾಗಿದ್ದರು, ನನ್ನ ಬಚ್ಚಲಿನ ನಲ್ಲಿ ತೊಟ್ಟಿಕ್ಕಿದರೆ ಕೆಳಗಿನಿಂದಲೇ ಕೂಗೋರು. ಆಮೇಲೆ ಎದೆನೋವು ಬಂತು, ಟೆಸ್ಟ್ ಆಯಿತು, ಮೂರು ಬ್ಲಾಕ್ ಇದೆ ಅಂದರು. ರಾಜಾಜಿನಗರದಲ್ಲಿರೋದು ಆರು ಬ್ಲಾಕು, ನನ್ನ ಎದೇಲಿ ಬರೀ ಮೂರು ಅಂತ ಅವರೇ ಬೀದಿಗೆಲ್ಲ ಹೇಳಿಕೊಂಡು ನಕ್ಕರು. ವಿಮಲಮ್ಮ ನಗಲಿಲ್ಲ. ಅದನ್ನು ನೋಡಿದ ಮೇಲೆ, ಕೇಶವಯ್ಯನನ್ನು ಬದುಕಿಸೋಣ ಅಂತಲೇ ನಾನು ಆ ಫೈಲನ್ನು ಕಂಪ್ಯೂಟರಿಗೆ ಹಾಕಿಕೊಳ್ಳೋಕೆ ಹೋಗಿದ್ದು. ನಂಬಿ. (ನಂಬದಿದ್ದರೆ ನಿಮ್ಮಿಷ್ಟ, ವಿಮಲಮ್ಮನೂ ನಂಬಲಿಲ್ಲ.)

೫

ಕಳಿಸಿದ್ದನ್ನು ವಾಪಸ್ ಎಳೆಯೋ ಬಟನ್ ಆ ಆ್ಯಪಿನಲ್ಲಿಲ್ಲ. ಮುತ್ತುರಾಜನಿಗೆ ಫೋನ್ ಮಾಡಿದೆ. ಹೋಗಿದ್ದು ಹೋಯ್ತು ಸಾರ್, ಬೇಕಿದ್ರೆ ಕೆಳಗೆ ಹೋಗಿ ಡಿಲೀಟ್ ಮಾಡ್ಕೊಂಡು ಬನ್ನಿ ಅಂದ. ಹೋಗೋಣ ಅಂತ ಬಾಗಿಲು ತೆಗೆದರೆ ವಿಮಲಮ್ಮ ಮೆಟ್ಟಿಲು ಹತ್ತಿ ಬರ್ತಾ ಇದ್ದರು.

ಇಲ್ಲಿ ಅವರು ಅಳಬೇಕಿತ್ತು. ಎರಡನೇ ಡ್ರಾಫ್ಟಿನಲ್ಲಿ ಅಳಿಸಿಯೂ ಇದ್ದೆ, ಸೆರಗು ಗಿರಗು ಎಲ್ಲ ಹಾಕಿ. ಆದರೆ ಅವರು ಒಳಗೆ ಬಂದು, ಫ್ಯಾನ್ ಹಾಕಪ್ಪ ಅಂತ ಕೂತು, ಕನ್ನಡಕ ಒರೆಸಿಕೊಂಡು ನನ್ನ ಕಥೆಯನ್ನು ಎಳೆ ಎಳೆಯಾಗಿ ಬಿಡಿಸೋಕೆ ಶುರು ಮಾಡಿದರು. ಕಮಲಮ್ಮ ಅಂತೆ, ಇನ್ನೊಂದು ಒಳ್ಳೆ ಹೆಸರು ಸಿಗಲಿಲ್ಲವಾ? ಅವಳನ್ನು ದಪ್ಪ ಅಂತ ಯಾಕೆ ಬರೆದೆ? ಮನುಷ್ಯ ಬಿದ್ದು ಸತ್ತಿದ್ದಾನೆ, ನೀರು ಹರೀತಾ ಇತ್ತು ಅಂತ ಬರೆದು ಕೂತಿದೀಯಲ್ಲ, ಬೀದೀಲಿ ಒಬ್ಬರಾದರೂ ಬಂದು ಮೋಟಾರ್ ಆಫ್ ಮಾಡಲಿಲ್ಲವಾ? ನೀರು ಅಲ್ಲಿ ಒಂದು ಪ್ರತಿಮೆ ಆಂಟಿ ಅಂದೆ. ಅದು ಕಾವೇರಿ ನೀರು ಕಣಪ್ಪ ಅಂದರು.

 ಫೈಲನ್ನು ಆಗಲೇ ಡಿಲೀಟ್ ಮಾಡಿದ್ದರಂತೆ. ಹಾಗಾದರೆ ಮುಗೀತಲ್ಲ ಆಂಟಿ ಅಂದೆ, ಜೀವ ಬಂದ ಹಾಗಾಯಿತು ನನಗೆ.

"ಕಂಪ್ಯೂಟರಿಂದ ಹೋಯ್ತು, ನನ್ನ ತಲೆಯಿಂದ ಹೋಗಬೇಕಲ್ಲ," ಅಂದರು. "ಶುಕ್ರವಾರದೊಳಗೆ ಬದುಕಿಸಿ ಕಳಿಸಪ್ಪ. ಅದನ್ನ ಓದಿ ಆಸ್ಪತ್ರೆಗೆ ಹೊರಡ್ತೀನಿ."

ಗಂಡನಿಗೆ ಈ ಕಥೆಯ ವಾಸನೆಯೂ ಹತ್ತಬಾರದಂತೆ. ಅದಕ್ಕೇ ಹೊಸ ಫೈಲಿಗೆ 'ಬಿಸಿಬೇಳೆಬಾತ್ ಪುಡಿ' ಅಂತ ಹೆಸರಿಡಬೇಕು, ಅವರು ಅಡುಗೆ ಸುದ್ದಿಗೆ ಬರೋರಲ್ಲ. ಎಲ್ಲರೂ ಬದುಕಿದರೆ ಕಥೆಯಲ್ಲಿ ಸಂಘರ್ಷವೇ ಇರಲ್ಲ ಅಂತ ನಾನು ಗೊಣಗಿದೆ. ಅದನ್ನ ನಿಮ್ಮನೇಲಿಟ್ಕೋ ಅಂದರು.

೬

ಅಂತ್ಯ ಒಂದು: ಕೇಶವಯ್ಯ ಜಾರ್ತಾರೆ, ಆದರೆ ಪಕ್ಕದವರು ಬಿಸಿಲಿಗೆ ಹಾಕಿದ್ದ ಹಾಸಿಗೆ ಮೇಲೆ ಬೀಳ್ತಾರೆ. ವಿಮಲಮ್ಮ ಒಪ್ಪಲಿಲ್ಲ, ಬೀಳೋದೇ ಬೇಡವಂತೆ.

ಇನ್ನೊಂದು ಅಂತ್ಯ: ಕೇಶವಯ್ಯ ಏಣಿ ಹತ್ತುತ್ತಾರೆ, ಇಣುಕ್ತಾರೆ, ಇಳೀತಾರೆ, ಕಾಫಿ ಕುಡೀತಾರೆ. ಇದಕ್ಕೆ ಕಥೆ ಅಂತಾರಾ ನೀವೇ ಹೇಳಿ. ಇದೇ ಇರಲಿ ಅಂದರು ವಿಮಲಮ್ಮ. ಕಾಫಿಗೆ ಸಕ್ಕರೆ ಹಾಕಿಲ್ಲ ಅಂತ ಸೇರಿಸು, ಡಾಕ್ಟರು ಬೇಡ ಅಂದಿದಾರೆ. ಸೇರಿಸಿದೆ. ನನ್ನ ಸಾಹಿತ್ಯ ಜೀವನದಲ್ಲಿ ಇಂಥ ದಿನ ಬರುತ್ತೆ ಅಂದುಕೊಂಡಿರಲಿಲ್ಲ.

೭

ಬುಧವಾರ ಸಾಯಂಕಾಲ ಕೆಂಗೇರಿಯಿಂದ ಬಂದಾಗ ಚನ್ನಕೇಶವ ಮೆಟ್ಟಿಲ ಕೆಳಗೆ ಕೂತು ಸ್ಕೂಟರ್ ಒರೆಸ್ತಾ ಇದ್ದರು. ಹತ್ತೋದು ಇಳಿಯೋದು ಅವರಿಗೆ ಬೇಡ ಅಂದಿದ್ದಾರೆ, ಹಾಗಾಗಿ ನನ್ನನ್ನು ಅಲ್ಲೇ ಕಾದು ಹಿಡಿಯೋ ಪ್ಲ್ಯಾನು. ಟ್ಯಾಂಕಿನೊಳಗೆ ಇಣುಕದೆ ನಿದ್ದೆ ಬಾರದ ಮನುಷ್ಯ ಕಂಪ್ಯೂಟರಿನ ರೀಸೈಕಲ್ ಬಿನ್ನು ಬಿಡ್ತಾರಾ? ಹೆಂಡತಿ ಡಿಲೀಟ್ ಮಾಡಿದ್ದನ್ನು ಎತ್ತಿ ಓದಿದ್ದರು.

ಕಥೆಯಲ್ಲಿ ಸತ್ತಿದ್ದಕ್ಕೆ ಅವರದ್ದೇನೂ ತಕರಾರಿಲ್ಲ. ಕೇಶವಯ್ಯ ಚಪ್ಪಲಿ ಹಾಕಿಕೊಂಡು ಏಣಿ ಹತ್ತಿದ ಅಂತ ಬರೆದಿದ್ದಕ್ಕೆ ಮಾತ್ರ ಸಿಟ್ಟು. ಜನ್ಮದಲ್ಲಿ ಚಪ್ಪಲಿ ಹಾಕ್ಕೊಂಡು ಏಣಿ ಮುಟ್ಟಿದೋನಲ್ಲ ನಾನು ಅಂದರು. ತಿದ್ದುತೀನಿ ಸಾರ್, ಬದುಕಿಸ್ತಾನೂ ಇದೀನಿ ಅಂದೆ. ಕೈ ಎತ್ತಿ ತಡೆದರು. ಅದು ಅವಳಿಗೆ, ಕಳಿಸಿ, ನಾನು ಓದಿದ್ದು ಅವಳಿಗೆ ಗೊತ್ತಾಗೋದು ಬೇಡ ಅಂದರು. ತಮಗೆ ಬೇಕಾಗಿರೋದು ಬೇರೆ.

"ನಾನು ಬಿದ್ದೆ, ಕಥೆ ಮುಗೀತು. ಆಮೇಲೆ ಅವಳು ಏನ್ ಮಾಡ್ತಾಳೆ ಅಂತ ಒಂದು ಸಾಲೂ ಬರೆದಿಲ್ಲವಲ್ಲ ನೀವು," ಅಂದರು. "ಅದನ್ನ ಬರೀರಿ ಸಂಪತ್. ಓದ್ಕೊಂಡು ಹೋಗ್ತೀನಿ."

 ಅವರು ಸ್ಕೂಟರಿನ ಕನ್ನಡಿ ಒರೆಸ್ತಾ, ಆ ಫೈಲಿಗೆ 'ಪ್ರಿಂಟರ್ ಮ್ಯಾನುಯಲ್' ಅಂತ ಹೆಸರಿಡಿ, ಅವಳು ಅದನ್ನ ತೆಗೆಯೋ ಪೈಕಿ ಅಲ್ಲ ಅಂದರು.

೮

ಬಹುಅಂತ್ಯಗಳ ಬಗ್ಗೆ ನಾನು ಸೆಮಿನಾರಿನಲ್ಲಿ ಮಾತಾಡಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಎರಡು ಅಂತ್ಯಗಳನ್ನು ಒಂದೇ ಮನೆಗೆ, ಒಂದೇ ಕಂಪ್ಯೂಟರಿಗೆ, ಗಂಡನಿಗೊಂದು ಹೆಂಡತಿಗೊಂದು ಅಂತ ಡೆಲಿವರಿ ಕೊಡೋದು ಹೇಗೆ ಅಂತ ಅಲ್ಲಿ ಯಾರೂ ಕೇಳಿರಲಿಲ್ಲ.

ಬಿಸಿಬೇಳೆಬಾತ್ ಪುಡಿ ಸಲೀಸಾಗಿ ಹೋಯಿತು. ಈ ಸಲ ಕೆಳಮನೆ ಮುತ್ತುರಾಜ ಯಾವನು ಅಂತ ಗೊತ್ತಿತ್ತಲ್ಲ. ಪ್ರಿಂಟರ್ ಮ್ಯಾನುಯಲ್ ಮಾತ್ರ ಟ್ಯಾಬ್ ಬಿಟ್ಟು ಕದಲಲಿಲ್ಲ. ಗುರುವಾರ ಮೆಟ್ರೋದಲ್ಲಿ ಹೋಗ್ತಾ ಬರ್ತಾ ಬರೆದೆ. ಕಮಲಮ್ಮ ಕಿಟಕಿ ಹತ್ತಿರ ಕೂತು ಹೊರಗೆ ನೋಡ್ತಾರೆ ಅಂತ ಬರೆದೆ. ಕನ್ನಡ ಕಥೆಗಳಲ್ಲಿ ಆಗಲೇ ಕಿಟಕಿಗಳು ಜಾಸ್ತಿಯಾಗಿವೆ ಅಂತ ಹೊಡೆದು ಹಾಕಿದೆ. ಸ್ಕೂಟರ್ ಕಲಿಸೋಣ ಅಂದುಕೊಂಡೆ; ಆ ಸ್ಕೂಟರನ್ನು ಇನ್ನೊಬ್ಬರು ಮುಟ್ಟಿದರೆ ಚನ್ನಕೇಶವ ಆಪರೇಷನ್ ಟೇಬಲ್ಲಿಂದ ಎದ್ದು ಬರ್ತಾರೆ. ಕೊನೆಗೆ ಕಮಲಮ್ಮನನ್ನು ಮಲ್ಲತ್ತಹಳ್ಳಿಯ ತಂಗಿ ಮನೆಗೆ ಕಳಿಸಿದೆ. ಅಲ್ಲಿ ತಂಗಿ ಜೊತೆ ಜಗಳ ಆಡಿಕೊಂಡು ವಾಪಸ್ ಬಂದರು, ಗೇಟು ತೆಗೆದರು, ಬೀಗಕ್ಕೆ ಕೀ ಹಾಕಿದರು. ಅಲ್ಲಿಂದ ಅವರನ್ನು ಒಳಗೆ ಕಳಿಸೋಕೆ ನನ್ನ ಕೈಲಾಗಲಿಲ್ಲ. ಕಳಿಸಿದರೆ ಆ ಮನೆಯಲ್ಲಿ ಯಾರೂ ಇರಲ್ಲ.

ಸಾಯಂಕಾಲ ಧೈರ್ಯ ಮಾಡಿ ಕೆಳಗೆ ಹೋದೆ. ವಿಮಲಮ್ಮ ಆಸ್ಪತ್ರೆಗೆ ಬ್ಯಾಗ್ ತುಂಬ್ತಾ ಇದ್ದರು. ಸುಮ್ಮನೆ ಕೇಳ್ತೀನಿ ಆಂಟಿ, ಒಂದು ಬೆಳಿಗ್ಗೆ ಕಮಲಮ್ಮ ಮನೇಲಿ ಒಬ್ಬರೇ ಇದ್ದರೆ ಏನು ಮಾಡ್ತಾರೆ ಅಂತ ಮೆತ್ತಗೆ ಕೇಳಿದೆ. ಅವಳ ಸುದ್ದಿ ಈಗ್ಯಾಕೆ ಅಂತ ಬೆಡ್‌ಶೀಟಿನ ಒಂದು ತುದಿ ನನ್ನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಮಡಚಿದೆವು. ಹಾಲ್‌ನಲ್ಲಿ ಕೂತಿದ್ದ ಚನ್ನಕೇಶವ ಕಣ್ಣಲ್ಲೇ ಏನಾಯ್ತು ಅಂತ ಕೇಳಿದರು. ಇನ್ನೂ ಇಲ್ಲ ಅಂತ ತಲೆ ಆಡಿಸಿ ಮೇಲೆ ಬಂದೆ.

೯

ಶುಕ್ರವಾರ ಬೆಳಿಗ್ಗೆ ಗೇಟಿನ ಮುಂದೆ ಕ್ಯಾಬ್ ಬಂತು. ನಾನು ಬ್ಯಾಗನ್ನು ಡಿಕ್ಕಿಯಲ್ಲಿಟ್ಟೆ. ಹಿಂದಿನ ಸೀಟಿನಲ್ಲಿ ಚನ್ನಕೇಶವ, ಪಕ್ಕದಲ್ಲಿ ವಿಮಲಮ್ಮ. ಪ್ರಿಂಟರ್ ಮ್ಯಾನುಯಲ್ ಬಂದಿಲ್ಲ ಅಂತ ಚನ್ನಕೇಶವರಿಗೆ ಗೊತ್ತು. ಗಾಜು ಇಳಿಸಿದರು.

"ಸಂಪತ್, ಕಮಲಮ್ಮ ಹೇಗಿದಾರೆ?" ಅಂದುಬಿಟ್ಟರು.

ಬೇಕಂತಲೇ ಅಂದರೋ, ಬಾಯಿ ತಪ್ಪಿ ಬಂತೋ ನನಗೆ ಗೊತ್ತಿಲ್ಲ. ಆ ಹೆಸರು ಆ ಫೈಲು ಓದಿದವರಿಗಲ್ಲದೆ ಬೇರೆಯವರಿಗೆ ಗೊತ್ತಿರೋಕೆ ಸಾಧ್ಯವಿಲ್ಲ. ವಿಮಲಮ್ಮ ಗಂಡನ ಕಡೆ ತಿರುಗಿದರು.  ನಾನು ಬಾಯಿ ತೆರೆಯೋ ಮೊದಲೇ ಗಂಡನ ಸ್ವೆಟರಿನ ಗುಂಡಿ ಹಾಕ್ತಾ ಉತ್ತರ ಕೊಟ್ಟರು.

"ಅವಳಿಗೇನು, ಗಂಡನ ಪಕ್ಕದಲ್ಲಿ ಕೂತಿದಾಳೆ," ಅಂದರು. "ನಡೀರಿ, ಲೇಟಾಯ್ತು."

ಇದು ಹತ್ತು ಅಲ್ಲ

ಆಪರೇಷನ್ ಏನಾಯಿತು ಅಂತ ಕೇಳ್ತೀರಿ. ಕೇಳೇ ಕೇಳ್ತೀರಿ, ನೀವೇನು ಸುಮ್ಮನಿರೋ ಪೈಕಿಯಾ? ಹೇಳಲ್ಲ. ಆಧುನಿಕೋತ್ತರ ಬಿಂಕ ಅಂತ ಬೇಕಾದರೆ ಬೈಕೊಳ್ಳಿ. ಹೇಳಿದರೆ ಎರಡು ಫೈಲಿನಲ್ಲಿ ಒಂದನ್ನು ನಾನು ಡಿಲೀಟ್ ಮಾಡಬೇಕಾಗುತ್ತೆ, ಅದು ನನಗೆ ಇಷ್ಟವಿಲ್ಲ.

ಕ್ಯಾಬು ಈಗ ತಾನೇ ಡಾ. ರಾಜ್‌ಕುಮಾರ್ ರಸ್ತೆಗೆ ತಿರುಗಿದೆ. ಸಿಗ್ನಲ್ ಕೆಂಪು. ಕಥೆ ನನ್ನದು, ಸಿಗ್ನಲ್ಲೂ ನನ್ನದೇ, ನಾನು ಅದನ್ನು ಹಸಿರು ಮಾಡೋದಿಲ್ಲ. ಹಿಂದಿನ ಗಾಡಿಯವರು ಎಷ್ಟು ಬೇಕಾದರೂ ಹಾರ್ನ್ ಹೊಡ್ಕೊಳ್ಳಲಿ. ಹಿಂದಿನ ಸೀಟಿನಲ್ಲಿ ಇಬ್ಬರೂ ಏನೋ ಮಾತಾಡ್ತಾ ಇದಾರೆ, ಬಹುಶಃ ಬಿಸಿಬೇಳೆಬಾತ್ ಪುಡಿ ವಿಷಯ ಯಾರಿಗೆ ಎಷ್ಟು ಗೊತ್ತಿತ್ತು ಅಂತ ಜಗಳ. ಚನ್ನಕೇಶವ ನಕ್ಕರು ಅನಿಸುತ್ತೆ. ವಿಮಲಮ್ಮನೂ ಈ ಸಲ...