ಎಡಗಡೆಯ ಬ್ರೇಕು

“ಇನ್ನೂ ಗಟ್ಟಿ ಇದೆ ರೀ,” ಎಂದಳು ಹೆಂಡತಿ.

ಅಂಗಳದ ಗೋಡೆಗೆ ಬಲ ಮೊಣಕೈ ಆನಿಸಿ, ಸೈಕಲ್ಲಿನ ಮೇಲೆ ಕೂತು, ಎಡಗಡೆಯ ಬ್ರೇಕನ್ನು ಎರಡು ಬೆರಳಲ್ಲಿ ಎಳೆದು ನೋಡಿ ಬಿಟ್ಟಿದ್ದಳು. ಮಂಡಿಯೂರಿದ್ದ ಅವನು ಎದ್ದು, ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಅಲೆನ್ ಕೀಯನ್ನು ಕೈಗೆ ತೆಗೆದುಕೊಂಡು, ಬ್ರೇಕ್ ಹಿಡಿಯ ಒಳಗಿನ ಪುಟ್ಟ ತಿರುಪನ್ನು ಇನ್ನೊಂದು ಸುತ್ತು ತಿರುಗಿಸಿದ. ಹಿಡಿ ಕೂದಲೆಳೆಯಷ್ಟು ಒಳಕ್ಕೆ ಸರಿಯಿತು.

“ಈಗ?”

ಅವಳು ಮತ್ತೆ ಎಳೆದಳು. ಈ ಸಲ ನಾಲ್ಕೂ ಬೆರಳು ಹಾಕಿದಳು. “ಪರವಾಗಿಲ್ಲ,” ಎಂದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ರೋಗಿಗಳ ಮನೆಯವರಿಗೆ ಅವಳು ಪರವಾಗಿಲ್ಲ ಎನ್ನುವ ಒಂದು ಧಾಟಿಯಿತ್ತು. ಇದೂ ಅದೇ ಧಾಟಿ. ಅವನಿಗೆ ಸಮಾಧಾನವಾಗಲಿಲ್ಲ.

“ಪರವಾಗಿಲ್ಲ ಅಂದ್ರೆ ಸರಿಯಾಗಿಲ್ಲ ಅಂತ ಅರ್ಥ. ಇಳಿ, ನೋಡ್ತೀನಿ.”

ಅವನದು ಕನ್ನಡಕದ ಅಂಗಡಿ. ಗಾಜು ತೇಯುವುದು, ಫ್ರೇಮು ಬಗ್ಗಿಸುವುದು, ಕಿವಿಯ ಹಿಂದೆ ಒತ್ತುವ ಕಡ್ಡಿಯನ್ನು ಬಿಸಿ ಮಾಡಿ ನೇವರಿಸಿ ಕೂರಿಸುವುದು, ಇದರಲ್ಲೇ ಅವನ ತಲೆ ನರೆತಿತ್ತು. ಊರಿನವರಿಗೆ ಅವನು ಕನ್ನಡಕದಣ್ಣ. ಯಾರಾದರೂ ಬಂದು, “ನನ್ನ ಮೂಗೇ ಸೊಟ್ಟ ಅಣ್ಣಾ, ಯಾವ ಕನ್ನಡಕಾನೂ ಕೂರಲ್ಲ,” ಎಂದರೆ ಅವನಿಗೆ ರೇಗುತ್ತಿತ್ತು. “ಮೂಗು ಹೆಂಗಿದ್ರೂ ಸರಿಯೇ. ತಪ್ಪು ಫ್ರೇಮಿಂದು. ಕೊಡಿ ಇಲ್ಲಿ,” ಎನ್ನುತ್ತಿದ್ದ. ಕೂರಿಸಿಯೂ ಕೊಡುತ್ತಿದ್ದ.

ಹೆಂಡತಿ ಸರ್ಕಾರಿ ಆಸ್ಪತ್ರೆಯ ದೊಡ್ಡ ವಾರ್ಡಿನ ಸಿಸ್ಟರ್. ಹೊಸ ಡಾಕ್ಟರುಗಳು ಅವಳ ಮುಖ ನೋಡಿ ಔಷಧಿ ಬರೆಯುತ್ತಾರೆ ಎಂದು ಜನ ನಗುತ್ತಿದ್ದರು. ಮದುವೆಯಾದ ಹೊಸದರಿಂದಲೂ ಗಂಡ ಹೆಂಡಿರಿಗೆ ಭಾನುವಾರದ ಬೆಳಿಗ್ಗೆ ಒಂದು ಚಟ. ಊರಾಚೆಯ ಗುಡ್ಡದ ಕಲ್ಲುದಾರಿ ಹಿಡಿದು, ತುದಿಯ ನೀರಿನ ಟ್ಯಾಂಕಿನವರೆಗೆ ಸೈಕಲ್ ತುಳಿಯುವುದು, ಅಲ್ಲಿ ಫ್ಲಾಸ್ಕಿನ ಚಹಾ ಕುಡಿದು ಇಳಿಯುವುದು. ಏರಿನಲ್ಲಿ ಅವಳೇ ಮುಂದೆ. ಅವನು ಏದುಸಿರು ಬಿಡುತ್ತ ಬಂದರೆ, “ಬಂದ್ರಾ ಯಜಮಾನ್ರು? ಚಹಾ ಆರೋಯ್ತು,” ಎಂದು ಅಣಕಿಸುತ್ತಿದ್ದಳು.

ಹೋದ ಮಳೆಗಾಲ ಕಳೆದ ಮೇಲೆ ಅದು ತಿರುಗುಮುರುಗಾಯಿತು. ಅವಳು ಹಿಂದೆ ಬೀಳತೊಡಗಿದಳು. “ವಯಸ್ಸಾಯ್ತು ಕಣ್ರೀ,” ಎಂದು ನಕ್ಕಳು. ಅವನು ನಗಲಿಲ್ಲ. ಯೋಚಿಸಿ, ವಿಚಾರಿಸಿ, ಕೊನೆಗೆ ಕರೆಂಟಿನ ಮೌಂಟನ್ ಬೈಕು ತರಿಸಿದ. ಹಗುರದ್ದು. ನೋಡಿದರೆ ಮೋಟಾರಿದೆ ಎಂದು ಗೊತ್ತೇ ಆಗುವುದಿಲ್ಲ. ಬ್ಯಾಟರಿ ಚೌಕಟ್ಟಿನ ಹೊಟ್ಟೆಯೊಳಗೆ, ಮೋಟಾರು ಪೆಡಲಿನ ಬುಡದಲ್ಲಿ. ತುಳಿದರೆ ಮಾತ್ರ ಓಡುತ್ತದೆ. ನಾವು ಒಂದು ಪಾಲು ಹಾಕಿದರೆ ತಾನೊಂದು ಪಾಲು ಸೇರಿಸುತ್ತದೆ.

ಡಬ್ಬ ಬಿಚ್ಚಿದ ದಿನ ಅವನು ಅಂಗಡಿಗೆ ಬೀಗ ಹಾಕಿಬಿಟ್ಟಿದ್ದ. ಹೆಂಡತಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಅವಳ ತೂಕಕ್ಕೆ ಸರಿಯಾಗಿ ಮುಂದಿನ ಚಕ್ರದ ಷಾಕ್ ಅಬ್ಸಾರ್ಬರಿಗೆ ಗಾಳಿ ತುಂಬಿದ. ಹ್ಯಾಂಡಲ್ ಅಗಲವಾಯಿತೆಂದು ಎರಡೂ ತುದಿ ಗರಗಸದಿಂದ ಕೊಯ್ದ. ಸೀಟನ್ನು ಏರಿಸಿ, ಇಳಿಸಿ, ಅವಳ ಮಂಡಿಯ ಚಿಪ್ಪಿನಿಂದ ದಾರ ಇಳಿಬಿಟ್ಟು ಅಳೆದ. “ಮದುವೆ ಬಟ್ಟೆಗೂ ಇಷ್ಟು ಅಳತೆ ಕೊಟ್ಟಿರ್ಲಿಲ್ಲ ನಾನು,” ಎಂದಳು ಅವಳು. ಆ ಭಾನುವಾರ ಅವಳು ಹಕ್ಕಿಯ ಹಾಗೆ ಏರಿದಳು. ಅವನು ತನ್ನ ಹಳೆಯ ಸೈಕಲ್ಲಿನಲ್ಲಿ ಹಿಂದೆ ಹಿಂದೆ ಏಗುತ್ತ, ತಿರುವಿನಲ್ಲಿ ಕೇಳಿಸಿದ ಅವಳ ನಗುವಿಗೆ ತಾನೂ ಒಬ್ಬನೇ ನಕ್ಕ.

ಆ ನಗು ಚಳಿ ಮುಗಿಯುವವರೆಗೂ ಬಾಳಲಿಲ್ಲ.

ಮೊದಲು ಎಡಗಡೆಯ ಗುಂಡಿ. ಮೋಟಾರಿನ ಬಲ ಹೆಚ್ಚು ಕಡಿಮೆ ಮಾಡುವ ಗುಂಡಿ ಅಲ್ಲಿತ್ತು. ಎಷ್ಟು ಒತ್ತಿದ್ರೂ ಒಳಗೆ ಹೋಗಲ್ಲ ಎಂದಳು. ಬಲಗಡೆಗೆ ಹಾಕಿಕೊಟ್ಟ. ಆಮೇಲೆ ಎಡಗಾಲು ಪೆಡಲಿನಿಂದ ಜಾರುತ್ತೆ ಎಂದಳು. ಸಣ್ಣ ಮೊಳೆಗಳಿರುವ ಅಗಲವಾದ ಪೆಡಲು ಬಂತು. ಹೊಸ್ತಿಲು ದಾಟಿಸೋಕೆ ಭಾರ ಎಂದಳು. ಚಕ್ರ ಬದಲಾಯಿತು, ಸೀಟು ಬದಲಾಯಿತು, ಸ್ಟ್ಯಾಂಡೂ ಹೋಯಿತು. ಈಗ ಬ್ರೇಕು. ಒಂದೊಂದು ಸಾಮಾನು ಬಂದಾಗಲೂ ಅವನಿಗೆ ಹೊಸ ಹುರುಪು. ಅಂಗಳದಲ್ಲಿ ಹಳೆಯ ಬೆಡ್‌ಶೀಟ್ ಹಾಸಿ, ಬಿಚ್ಚಿದ ತಿರುಪುಗಳನ್ನು ಸಾಲಾಗಿ ಜೋಡಿಸಿ, ಕನ್ನಡಕ ಹಣೆಗೇರಿಸಿ ಕೂತರೆ ಊಟ ಆರಿದರೂ ಏಳುತ್ತಿರಲಿಲ್ಲ.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ,” ಎಂದಳು ಅವಳು ಒಂದು ಸಂಜೆ, ಬಾಗಿಲಿಗೆ ಒರಗಿ ಅವನನ್ನೇ ನೋಡುತ್ತ. “ಹಂಗಾಯ್ತು ನನ್ನ ಕಥೆ.”

“ನೆಲಾನೇ ನೆಟ್ಟಗೆ ಮಾಡಿದ್ರಾಯ್ತು ಬಿಡು,” ಎಂದ ಅವನು ತಲೆಯೆತ್ತದೆ.

ಅವಳು ಒಳಗೆ ಹೋದಳು. ಒಂದು ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ಅಡುಗೆಮನೆಯವರೆಗೂ ಕೇಳಿಸಿತು. ಸವೆದಿರಬೇಕು ಎಂದುಕೊಂಡ. ಮರುದಿನ ಹೊಸ ಚಪ್ಪಲಿ ತಂದ. ಹೊಸ ಚಪ್ಪಲಿಯೂ ಉಜ್ಜಿತು.

ಒಮ್ಮೆ ಅವಳು ಮಧ್ಯಾಹ್ನ ಮಲಗಿದ್ದಾಗ ಪಕ್ಕದಲ್ಲಿ ಚೆಲ್ಲಿದ್ದ ಅವಳ ಎಡಗೈ ನೋಡಿದ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮೆತ್ತಗೆ ಉಬ್ಬಿರಬೇಕಾದ ಜಾಗ ತಗ್ಗಾಗಿತ್ತು. ಚರ್ಮದ ಅಡಿಯಲ್ಲಿ ಏನೋ ಪಟಪಟ ಮಿಡಿಯಿತು, ಸಣ್ಣ ಹುಳುವೊಂದು ದಾರಿ ಹುಡುಕಿದ ಹಾಗೆ. ನಿಂತಿತು. ಮತ್ತೆ ಮಿಡಿಯಿತು. ವಾರ್ಡಿನಲ್ಲಿ ದುಡಿದೂ ದುಡಿದೂ ಕೈ ಸೊರಗಿದೆ ಎಂದುಕೊಂಡು ಅವನು ಆ ಕೈಯ ಮೇಲೆ ಹೊದಿಕೆ ಎಳೆದ. ಹಾಗೆ ಎಳೆದದ್ದು ಅವಳಿಗೆ ಚಳಿಯಾದೀತೆಂದೋ, ತನಗೆ ಕಾಣದಿರಲಿ ಎಂದೋ ಅವನಿಗೇ ಗೊತ್ತಾಗಲಿಲ್ಲ.

ಆ ಬೆಳಿಗ್ಗೆ ಅಂಗಳದಲ್ಲಿ ಬ್ರೇಕಿನ ತಿರುಪು ತಿರುಗಿಸಿದ್ದು ಸಾಲದೆಂದು ಅವನು ಅಂದೇ ಸೈಕಲ್ಲನ್ನು ನಟ್ಟುವಿನ ಅಂಗಡಿಗೆ ಒಯ್ದ. ಸೈಕಲ್ ಅಂಗಡಿಯವನಿಗೆ ಊರೇ ಇಟ್ಟ ಹೆಸರು ನಟ್ಟು. ಮೋಟುದ್ದದ ಆಳು, ಬಾಯಿ ಮಾತ್ರ ಮಾರುದ್ದ. ಅವನು ಬ್ರೇಕಿನ ಎಣ್ಣೆ ತೆಗೆದು ಹೊಸದು ತುಂಬಿ, ಹಿಡಿಯನ್ನು ಕಿರುಬೆರಳಲ್ಲಿ ಎಳೆದು ತೋರಿಸಿದ.

“ಅಣ್ಣಾ, ಇದಕ್ಕಿಂತ ಹಗುರ ಮಾಡಿದ್ರೆ ಕೆಮ್ಮಿದ್ರೂ ಬ್ರೇಕ್ ಹಿಡಿಯುತ್ತೆ.”

“ಅವಳಿಗೆ ಗಟ್ಟಿ ಅನ್ಸುತ್ತಪ್ಪಾ. ಅದೇನೋ ಮೋಟಾರಿನ ಸೆಟ್ಟಿಂಗ್ ಇದೆಯಂತಲ್ಲ, ಅದನ್ನೂ ಏರಿಸು. ಕಾಲಿಟ್ರೆ ಎಳೀಬೇಕು.”

ನಟ್ಟು ಮೊಬೈಲನ್ನು ಸೈಕಲ್ಲಿಗೆ ಜೋಡಿಸಿ ಏರಿಸಿದ. ಕೊನೆಗೆ ಕೈ ಒರೆಸಿಕೊಳ್ಳುತ್ತ, “ಅಣ್ಣಾ, ತಪ್ಪು ತಿಳ್ಕೋಬೇಡಿ. ಅಕ್ಕಾವ್ರು ಹುಷಾರಾಗಿದಾರಲ್ವಾ?” ಎಂದ.

“ಅವಳಿಗೇನು ಧಾಡಿ? ಊರಿಗೆಲ್ಲ ಇಂಜೆಕ್ಷನ್ ಚುಚ್ಚೋಳು ಅವಳು,” ಎಂದ ಇವನು. ಮಾತು ತಾನಂದುಕೊಂಡದ್ದಕ್ಕಿಂತ ಒರಟಾಗಿ ಬಂತು.

ಅಂಗಡಿಯಿಂದ ಮನೆಗೆ ಅವನೇ ತುಳಿದುಕೊಂಡು ಹೊರಟ. ಇಷ್ಟು ದಿನ ಈ ಸೈಕಲ್ಲನ್ನು ಬಿಚ್ಚಿ ಜೋಡಿಸಿದ್ದನೇ ಹೊರತು ಹತ್ತಿರಲಿಲ್ಲ. ಬಲಗಾಲು ಪೆಡಲಿನ ಮೇಲೆ ಇಟ್ಟದ್ದೇ ತಡ, ಸೈಕಲ್ಲು ಹಗ್ಗ ಹರಿದ ಕರುವಿನಂತೆ ನೆಗೆಯಿತು. ಗಾಬರಿಯಾಗಿ ಎಡಗಡೆಯ ಬ್ರೇಕು ಹಿಡಿದ. ಹಿಡಿದನೆನ್ನುವುದೂ ಹೆಚ್ಚೇ, ಬೆರಳು ತಾಗಿತಷ್ಟೆ. ಹಿಂದಿನ ಚಕ್ರ ಕಚ್ಚಿ ನಿಂತಿತು, ಸೈಕಲ್ಲು ಅಡ್ಡಡ್ಡ ಜಾರಿತು, ಅವನು ಜಲ್ಲಿಯ ಮೇಲೆ ಮೊಣಕೈ ಊರಿ ಬಿದ್ದ.

ದಾರಿಯಲ್ಲಿ ಯಾರೂ ಇರಲಿಲ್ಲ. ಮೊಣಕೈಯಿಂದ ರಕ್ತ ಒಸರುತ್ತಿತ್ತು. ಎದ್ದು ಕೂತು, ಒಂದೇ ಕೈಯಲ್ಲಿ ಸೈಕಲ್ ಎತ್ತಿದ. ಆರಾಮವಾಗಿ ಮೇಲೆ ಬಂತು. ಬ್ರೇಕಿನ ಹಿಡಿಯನ್ನು ಕಿರುಬೆರಳಲ್ಲಿ ಎಳೆದ. ಬೆಣ್ಣೆಯಲ್ಲಿ ಎಳೆದಂತೆ ಬಂತು. ಬೆಳಿಗ್ಗೆ ಅಂಗಳದಲ್ಲೂ ಹೆಚ್ಚು ಕಡಿಮೆ ಹೀಗೇ ಇತ್ತಲ್ಲವೇ? ನಟ್ಟು ಎಣ್ಣೆ ಬದಲಿಸಿದ್ದಾನೆ ಅಷ್ಟೆ. ಅವಳು ನಾಲ್ಕು ಬೆರಳು ಹಾಕಿದ್ದಳು. ನಾಲ್ಕೂ ಬೆರಳ ಗೆಣ್ಣು ಬೆಳ್ಳಗಾಗಿದ್ದನ್ನು ತಾನು ನೋಡಿದ್ದ. ನೋಡಿ, ತಿರುಪು ಹುಡುಕಿದ್ದ.

ಅವನ ಕಣ್ಣು ಪೆಡಲಿನ ಮೇಲೆ ಬಿತ್ತು. ಬಲಗಡೆಯ ಪೆಡಲಿನ ಮೊಳೆಗಳು ಬೂಟು ಉಜ್ಜಿ ಉಜ್ಜಿ ಬಣ್ಣ ಹೋಗಿ ಬೆಳ್ಳಗೆ ಹೊಳೆಯುತ್ತಿದ್ದವು. ಎಡಗಡೆಯವು ಡಬ್ಬದಿಂದ ಈಗಷ್ಟೇ ತೆಗೆದ ಹಾಗೆ ಕಪ್ಪಗೇ ಇದ್ದವು. ಆ ಕಾಲು ತುಳಿದೇ ಇರಲಿಲ್ಲ. ಪೆಡಲಿನ ಜೊತೆ ಸುಮ್ಮನೆ ಸುತ್ತಿತ್ತು.

ಗುಂಡಿ, ಪೆಡಲು, ಹೊಸ್ತಿಲು, ಚಪ್ಪಲಿ, ಬ್ರೇಕು, ಎಲ್ಲ ಒಂದರ ಹಿಂದೊಂದು ಬಂದು ಎದುರಿಗೆ ನಿಂತವು. ಒಂದಾದರೂ ಸೈಕಲ್ಲಿನ ತಪ್ಪಾಗಿದ್ದರೆ ಎಂದು ಅವನು ಜಲ್ಲಿಯ ಮೇಲೆ ಕೂತು ಹುಡುಕಿದ. ಸಿಗಲಿಲ್ಲ. ಸೈಕಲ್ಲನ್ನು ತಳ್ಳಿಕೊಂಡೇ ಮನೆಗೆ ಬಂದ.

ಅವಳು ಡ್ಯೂಟಿ ಮುಗಿಸಿ ಬಂದಿದ್ದಳು. ರಕ್ತ ನೋಡಿ, “ಏನ್ರೀ ಇದು, ಚಿಕ್ಕ ಮಕ್ಕಳ ಹಂಗೆ!” ಎಂದು ಗದರಿಸಿ, ಹತ್ತಿ, ಔಷಧಿ ತಂದು ಎದುರಿಗೆ ಕೂತಳು. ಬಲಗೈಯಲ್ಲಿ ತೊಳೆದಳು, ಬಲಗೈಯಲ್ಲಿ ಔಷಧಿ ಹಚ್ಚಿದಳು. ಬ್ಯಾಂಡೇಜಿನ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಹರಿದಳು. ಎಡಗೈ ಅವಳ ತೊಡೆಯ ಮೇಲೆ ಅಂಗಾತ ಮಲಗಿತ್ತು.

“ಯಾವಾಗ್ಲಿಂದ?” ಎಂದ ಅವನು.

ಅವಳ ಕೈ ನಿಂತಿತು. ಯಾವುದು ಎಂದು ಕೇಳಲಿಲ್ಲ. ಪಟ್ಟಿಯನ್ನು ಸುತ್ತಿ ಮುಗಿಸಿದಳು, ತುದಿಯನ್ನು ಒತ್ತಿ ಅಂಟಿಸಿದಳು.

“ಮಳೆಗಾಲದಲ್ಲೇ ಗೊತ್ತಾಯ್ತು. ಸಿರಿಂಜ್ ಹಿಡಿಯೋಕೆ ಆಗ್ಲಿಲ್ಲ ಒಂದಿನ.”

“ತೋರಿಸೋಣ. ನಾಳೇನೇ ಹೋಗೋಣ.”

“ತೋರಿಸ್ದೆ. ಡ್ಯೂಟಿ ಅಂತ ಹೇಳಿ ಹೋಗಿದ್ನಲ್ಲ ಎರಡು ದಿನ, ನರದ ಡಾಕ್ಟ್ರ ಹತ್ರ. ಎಲ್ಲಾ ಟೆಸ್ಟೂ ಆಯ್ತು.” ಅವಳು ಹತ್ತಿಯ ಉಂಡೆಗಳನ್ನು ಒಟ್ಟುಮಾಡಿದಳು. “ಈ ಕಾಯಿಲೆಯವ್ರು ಇಬ್ರನ್ನ ವಾರ್ಡಲ್ಲಿ ನೋಡಿದೀನಿ ನಾನು. ಮೊದಲು ಕೈ. ಆಮೇಲೆ ಕಾಲು. ಆಮೇಲೆ ನುಂಗೋಕೆ ಕಷ್ಟ. ಆಮೇಲೆ ಉಸಿರು. ಔಷಧಿ ಕೊಡ್ತಾರೆ. ಅದು ನಿಧಾನ ಮಾಡುತ್ತೆ, ನಿಲ್ಲಿಸಲ್ಲ.”

ಗೋಡೆಯ ಮೇಲೆ ಫ್ಯಾನಿನ ನೆರಳು ಸುತ್ತುತ್ತಿತ್ತು.

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳ್ಬೇಕು ಅಂತಾನೇ ಇದ್ದೆ. ಅಷ್ಟರಲ್ಲಿ ನೀವು ಆ ಗುಂಡಿ ಗಟ್ಟಿ ಇದೆ ಅಂತ ಬಿಚ್ಚೋಕೆ ಕೂತ್ರಿ.” ಅವಳು ನಕ್ಕಳು, ನಗು ಅರ್ಧಕ್ಕೇ ನಿಂತಿತು. “ನೀವು ಬಿಚ್ಚಿ ಬಿಚ್ಚಿ ನೋಡ್ತಿದ್ದಷ್ಟು ದಿನ ಕಾಯಿಲೆ ಸೈಕಲ್ಲಿಗಿತ್ತು ಕಣ್ರೀ. ಹೇಳಿದ್ರೆ ನಂಗೆ ಬಂದ್ಬಿಡ್ತಿತ್ತು.”

ಅವನು ಎದ್ದು ಅಂಗಳಕ್ಕೆ ಹೋದ. ಸೈಕಲ್ಲನ್ನು ಎತ್ತಿ ಎಸೆಯಬೇಕೆನ್ನಿಸಿತು. ಎತ್ತಿಯೂ ಎತ್ತಿದ. ಅದು ಎಷ್ಟು ಹಗುರವಿತ್ತೆಂದರೆ ಸಿಟ್ಟು ತೀರಿಸಿಕೊಳ್ಳುವುದಕ್ಕೂ ತೂಕ ಸಾಲಲಿಲ್ಲ. ಇಳಿಸಿ, ಅದರ ಪಕ್ಕದಲ್ಲೇ ಕುಕ್ಕರಿಸಿ, ಕೈಗೆ ಮುಖ ಕೊಟ್ಟು ಅತ್ತ. ಅವಳು ಬಾಗಿಲಲ್ಲಿ ನಿಂತಿದ್ದಳು. ಸಮಾಧಾನ ಹೇಳಲಿಲ್ಲ. ಅಳು ಮುಗಿಯಲೆಂದು ಕಾದಳು, ವಾರ್ಡಿನಲ್ಲಿ ಕಾಯುವಂತೆ.

“ಮಾರ್ಬಿಡ್ತೀನಿ ಇದನ್ನ,” ಎಂದ.

“ಯಾಕೆ? ಬಲಗೈ ಇದೆಯಲ್ಲ.” ಅವಳು ಮೆಟ್ಟಿಲ ಮೇಲೆ ಕೂತಳು, ಎಡಗಾಲನ್ನು ಕೈಯಿಂದ ಎತ್ತಿ ಮುಂದಕ್ಕಿಟ್ಟುಕೊಂಡಳು. ಇಷ್ಟು ದಿನ ಬಚ್ಚಿಟ್ಟದ್ದನ್ನು ಅವನೆದುರೇ ಮಾಡಿದಳು. “ಒಂದೇ ಹಿಡಿ ಎಳೆದ್ರೆ ಎರಡೂ ಚಕ್ರ ಹಿಡಿಯೋ ಬ್ರೇಕ್ ಬರುತ್ತಂತೆ. ನಟ್ಟೂನ ಕೇಳಿ. ಎಡಗಡೆ ಎಲ್ಲಾ ತೆಗೆದ್ಬಿಡಿ.”

ಹಿಡಿ ಬಂತು. ನಟ್ಟು ತಾನೇ ಮನೆಗೆ ಬಂದು ಜೋಡಿಸಿದ. ಒಂದು ಜೋಕೂ ಮಾಡಲಿಲ್ಲ, ಕೊಟ್ಟ ಚಹಾವನ್ನು ಕುಡಿಯದೆ ಮರೆತು ಹೋದ. ಎಡಗಡೆಯ ಹ್ಯಾಂಡಲ್ಲು ಬೋಳಾಯಿತು. ಅಲ್ಲಿ ಕೈ ಜಾರದ ಹಾಗೆ ಅವನು ಮೆತ್ತನೆಯ ಬಟ್ಟೆಯ ಪಟ್ಟಿಯೊಂದನ್ನು ಹೊಲಿದ. ಬಿದ್ದರೆ ತಾನಾಗೇ ಬಿಚ್ಚಿಕೊಳ್ಳುವಷ್ಟು ಸಡಿಲ, ಬೀಳದಿದ್ದರೆ ಹಿಡಿದಿಡುವಷ್ಟು ಬಿಗಿ. ಆ ಹದ ಸಿಗುವುದಕ್ಕೆ ಅವನು ಹೊಲಿಗೆ ಬಿಚ್ಚಿ ಬಿಚ್ಚಿ ಹಾಕಿದ.

ಭಾನುವಾರ ಹೊರಟರು. ಮೋಟಾರಿನ ಸಣ್ಣ ಗುಂಯ್‌ಗುಡುವಿಕೆ ಅವನಿಗೆ ಈಗ ಉದ್ದಕ್ಕೂ ಕೇಳಿಸುತ್ತಿತ್ತು. ಮೊದಲೆಲ್ಲ ಕೇಳಿಸುತ್ತಲೇ ಇರಲಿಲ್ಲ. ಟ್ಯಾಂಕಿನ ಹತ್ತಿರ ಅವನು ಸೈಕಲ್ ಹಿಡಿದುಕೊಂಡ. ಅವಳು ಅವನ ಹೆಗಲಿಗೆ ಭಾರ ಹಾಕಿ ಇಳಿದಳು. ಕೆಳಗೆ ಊರು ಇನ್ನೂ ಮಂಜಿನಲ್ಲಿತ್ತು, ಆಸ್ಪತ್ರೆಯ ಮಾಳಿಗೆ ಮಾತ್ರ ಮೇಲೆ ತೇಲುತ್ತಿತ್ತು.

“ಬರೋ ವರ್ಷ ಈ ದಾರಿಗೆ ಟಾರ್ ಹಾಕ್ತಾರಂತೆ,” ಎಂದಳು.

“ಹಾಕ್ಲಿ,” ಎಂದ.

ಇಬ್ಬರೂ ಚಹಾ ಕುಡಿದರು. ಅವಳು ಒಂದು ಗುಟುಕಿಗೆ ಕೆಮ್ಮಿದಳು. ಅವನು ತಟ್ಟನೆ ತಿರುಗಿದ. “ಬಿಸಿ ಇತ್ತು ಅಷ್ಟೇ,” ಎಂದಳು. ಅವನು ತನ್ನ ಲೋಟದ ಚಹಾ ಕುಡಿದು ನೋಡಿದ. ಅದು ಬಿಸಿಯಿರಲಿಲ್ಲ.

“ನಾನು ಮುಂದೆ ಹೋಗ್ತೀನಿ,” ಎಂದಳು, ಎಡಗೈಯನ್ನು ಬಲಗೈಯಿಂದ ಎತ್ತಿ ಪಟ್ಟಿಯೊಳಗೆ ತೂರಿಸುತ್ತ. ನಿಧಾನ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ನುಂಗಿದ.

ಅವಳು ಇಳಿಜಾರಿಗೆ ಬಿಟ್ಟಳು. ಚಕ್ರದಡಿಯ ಸಣ್ಣ ಕಲ್ಲುಗಳು ಸಿಡಿದವು. ಅವಳ ಬೆನ್ನು ನೆಟ್ಟಗಿತ್ತು, ಅಂಗಿಯ ಬೆನ್ನು ಓಟದ ಗಾಳಿ ತುಂಬಿ ಉಬ್ಬಿತ್ತು. ಮೊದಲ ತಿರುವು ಅವಳನ್ನು ಮರೆಮಾಡಿತು. ಅವನು ತನ್ನ ಸೈಕಲ್ಲಿನ ಮೇಲೆ ಕೂತು, ನೆಲಕ್ಕೆ ಒಂದು ಕಾಲೂರಿ ನಿಂತು, ಆಚೆಯಿಂದ ಬ್ರೇಕು ಹಿಡಿದ ಸದ್ದು ಬರಲೆಂದು ಕಿವಿಗೊಟ್ಟ. ತಿರುವಿನ ಮೇಲೆ ಎದ್ದಿದ್ದ ಧೂಳು ಗಾಳಿಯಿಲ್ಲದ ಬೆಳಗಿನಲ್ಲಿ ಹಾಗೇ ನಿಂತಿತ್ತು. ಆಮೇಲೆ ದೂರದಲ್ಲಿ, ಸಣ್ಣಗೆ, ಬ್ರೇಕಿನ ಒಂದೇ ಒಂದು ಕಿರುಚು ಕೇಳಿಸಿತು, ಅದರ ಹಿಂದೆಯೇ ಚಕ್ರ ಮತ್ತೆ ಉರುಳುವ ಸದ್ದು. ಅವನು ಊರಿದ್ದ ಕಾಲನ್ನು ಎತ್ತಿ ಆ ಧೂಳಿನೊಳಕ್ಕೆ ಇಳಿದ.