ಟೇಲೆಂಡಿಗೆ ನೀರು ಬಂದ ದಿನ

ನಮ್ಮದು ಟೇಲೆಂಡ್ ಊರು. ಕಾಲುವೆ ಮುಗಿಯುವ ಕಡೆ ಇರುವವರನ್ನು ಹಾಗೆ ಕರೆಯುತ್ತಾರೆ. ಮೇಲಿನವರು ತಮ್ಮ ಭತ್ತಕ್ಕೆ ಕಟ್ಟಿಕೊಂಡು ಉಳಿದರೆ ನಮಗೆ, ಆದರೆ ಉಳಿಯುವುದೇ ಇಲ್ಲ. ಕಾಲುವೆ ತೋಡುವಾಗ ಹುಟ್ಟಿದ ಹುಡುಗರಿಗೆ ಮೀಸೆ ಬಂತು, ನೀರು ಬರಲಿಲ್ಲ. ಹಾಗಾಗಿ, "ನೀರು ಬಿಡ್ತಾರ, ಕೆನಾಲದಾಗ ಯಾರೂ ಇಳೀಬ್ಯಾಡ್ರಿ" ಎಂದು ಡಂಗುರ ಹೊಡೆದರೆ ನಾವು ನಗುತ್ತೇವೆ. ಅವತ್ತೂ ನಕ್ಕೆವು.

ನೀರಿನ ಆಸೆ ಬಿಟ್ಟೇ ನನ್ನ ಗಂಡ ಎರಡೆಕರೆ ಹೊಲವನ್ನು ನಮ್ಮೂರ ಮೌನಮ್ಮನಿಗೆ ಮಾರಿ ಲಾರಿ ಕೊಂಡಿದ್ದರು. ಕಾಲುವೆ ಕಟ್ಟಿದ ಗುತ್ತಿಗೆದಾರರು ಹರಾಜಿಗೆ ಬಿಟ್ಟುಹೋದ ಪರದೇಶದ ಲಾರಿ, ನಾಲ್ಕೂ ಗಾಲಿ ಎಳೆಯುವಂಥದ್ದು. ಒಣಗಿದ ಕಾಲುವೆಯೊಳಗೆ ಇಳಿದು, ತಳದ ಹೂಳು ತುಂಬಿ, ಹೊಲಗಳಿಗೆ ಹೊಡೆಯುವುದು ನಮ್ಮ ದುಡಿಮೆ. ಅವರು ಓಡಿಸುತ್ತಿದ್ದರು, ನಾನು ಸಲಿಕೆ ಹಿಡಿಯುತ್ತಿದ್ದೆ.

ಆ ಲಾರಿಗೆ ಒಂದು ರೋಗವಿತ್ತು. ಮುಂದಿನ ಅಚ್ಚಿನೊಳಗೆ ಒಂದು ಹಲ್ಲಿನ ಬಳೆ ಜರುಗಿ ಕೂಡಿಕೊಂಡರೆ ಮಾತ್ರ ಮುಂದಿನ ಗಾಲಿಗಳಿಗೆ ಬಲ. ಬಳೆಯನ್ನು ಜರುಗಿಸುವ ಡಬ್ಬಿಗೆ ಇಂಜಿನಿನಿಂದ ಒಂದು ರಬ್ಬರ್ ನಳಿಕೆ ಬರುತ್ತದೆ. ನಮ್ಮ ಬಿಸಿಲಿಗೆ ಅದು ಹಪ್ಪಳದಂತೆ ಒಡೆದು, ಬಳೆ ಜರುಗುವುದೇ ನಿಂತಿತ್ತು. ಶಹಾಪುರದ ಮೇಸ್ತ್ರಿ ಜಮಾಲಸಾಬ, "ಆ ಡಬ್ಬಿ ಕಿತ್ತ ಒಗೀರಿ, ಕೈಲೆ ಎಳೆಯೋ ಕೇಬಲ್ ಹಾಕ್ರಿ" ಎಂದು ಕೇಬಲ್ಲು, ಹಿಡಿಕೆ ಎರಡನ್ನೂ ಚೀಲದಲ್ಲಿ ಹಾಕಿ ಕೊಟ್ಟಿದ್ದ. "ಹೂಳಿನ ಸೀಜನ್ ಮುಗೀಲಿ" ಎಂದರು ಇವರು. ಚೀಲ ಸೀಟಿನ ಕೆಳಗೆ ಮಲಗಿತು.

ಆರಿದ್ರಾ ಮಳೆ ಕಾಲುವೆಯ ಮೇಲ್ಗಡೆ, ಸುರಪುರದ ಕಡೆ ಜೋರಾಗಿ ಬಿದ್ದಿತ್ತು, ನಮ್ಮಲ್ಲಿ ಬರೀ ನಾಲ್ಕು ಹನಿ. ಅವತ್ತು ಆ ನಾಲ್ಕು ಹನಿಗೇ ಕಾಲುವೆ ತಳದ ಹೂಳು ಬೆಣ್ಣೆಯಾಗಿ, ತುಂಬಿದ ಲಾರಿಯ ಹಿಂದಿನ ಗಾಲಿ ನಿಂತಲ್ಲೇ ತಿರುಗತೊಡಗಿತು. ಹೂಳೆಲ್ಲ ಕೆಳಗೆ ಸುರಿದೆವು. ಆದರೂ ಏಳಲಿಲ್ಲ. ಆಗಲೇ ಕಾಲುವೆ ಕಾಯುವ ಮಲ್ಕಪ್ಪ ಒಡ್ಡಿನ ಮೇಲೆ ಸೈಕಲ್ ಒಗೆದು ನನ್ನ ಗಂಡನನ್ನು ಕೂಗಿದ.

"ಅಂಬ್ರಪ್ಪಾ! ಗದ್ದಿ ತುಂಬ್ಯಾವಂತ ಮ್ಯಾಲಿನವ್ರು ತೂಬ ಮುಚ್ಚ್ಯಾರ! ನೀರು ಪೂರಾ ಈ ಕಡಿ ಬರಾಕತ್ತದ! ಮ್ಯಾಲ ಬರ್ರಿ!"

"ನಮ್ಮ ಕಡೀಗಾ?" ಎಂದು ಇವರು ನಕ್ಕರು. ನಾನು ನಗಲಿಲ್ಲ. ತಿರುವಿನಲ್ಲಿ ಕಸ ಕಡ್ಡಿ ನೂಕಿಕೊಂಡು ನೊರೆ ಬರುತ್ತಿತ್ತು.

ಮಲ್ಕಪ್ಪ ಟ್ರ್ಯಾಕ್ಟರ್ ತರಲು ಊರಿಗೆ ಓಡಿದ. ಇವರು ಬೋಲ್ಟು ಬಿಚ್ಚುವ ಪಾನಾ ಹಿಡಿದು ಲಾರಿಯ ಕೆಳಗೆ ನುಗ್ಗಿದರು.

"ದುರಗಿ, ಆ ಚೀಲ ಕೊಡು."

"ಈಗಾ? ಹೊರಗ ಬರ್ರಿ, ಕೈ ಮುಗೀತೀನಿ."

"ಹೊಲಾನೂ ಹೋತು. ಇದೂ ಹೋದ್ರ ಏನ್ ತಿನ್ನೂಣು? ಹೂಳಾ?"

ತುಕ್ಕು ಹಿಡಿದ ಬೋಲ್ಟುಗಳನ್ನು ಬೈಯುತ್ತಾ ಬಿಚ್ಚಿದರು. ಹಳೆಯ ಡಬ್ಬಿ ನನ್ನ ಕಾಲ ಬಳಿ ಬಂದು ಬಿತ್ತು, ನೀರು ಅದನ್ನು ಎತ್ತಿಕೊಂಡು ಹೋಯಿತು. ಹೊಸ ಕೇಬಲ್ ಹಾಕಿ ಹಿಡಿಕೆಯನ್ನು ಕ್ಯಾಬಿನ್ನಿನ ತಳದ ತೂತಿನಿಂದ ಮೇಲೆ ತೂರಿಸಿದರು. "ಎಳಿ!" ಎಂದರು. ನಾನು ಕ್ಯಾಬಿನ್ ಹತ್ತಿ ಎರಡೂ ಕೈಯಿಂದ ಎಳೆದೆ. ಅರ್ಧಕ್ಕೆ ನಿಂತಿತು.

"ಹಲ್ಲಿಗೆ ಹಲ್ಲು ಕೂಡವಲ್ಲವು. ನಾ ಕೆಳಗಿಂದ ಒತ್ತತೀನಿ. ಖಟ್ ಅಂತದ ನೋಡು, ಅಲ್ಲೀತನ ಬಿಡಬ್ಯಾಡ."

ಬಿಡಲಿಲ್ಲ. ಅಂಗೈ ಸುಲಿಯಿತು. ಬಾಗಿ ನೋಡಿದರೆ ನೀರು ಅವರ ಕಿವಿಗೆ ಬಂದಿತ್ತು. ಕತ್ತು ಎತ್ತಿ ಉಸಿರು ತೆಗೆದುಕೊಳ್ಳುವುದು, ಮತ್ತೆ ಒತ್ತುವುದು. ಜನ್ಮವೆಲ್ಲ ಬೇಡಿದ ನೀರಿಗೆ, ನಿನ್ನ ಮನೆ ಹಾಳಾಗಲಿ, ಹಿಂದಕ್ಕೆ ಹೋಗು ಎಂದು ಶಾಪ ಹಾಕಿದೆ. ಅದು ಯಾರ ಮಾತು ಕೇಳೀತು?

"ಸಾಕ್ರಿ, ಬರ್ರಿ!"

"ಖಟ್ ಅಂತೇನು?"

"ಇಲ್ರಿ!"

"ಅಂದ್ರ ಎಳಿ!"

ಲಾರಿ ಬಿಟ್ಟು ಬರುವ ಗಂಡಸಲ್ಲ ಅವರು. ಇನ್ನೊಂದು ಸಲ ಕತ್ತು ಎತ್ತಿದಾಗ ಬಾಯಿಗೆ ನೀರು ನುಗ್ಗಿ ಕೆಮ್ಮಿದರು. ನಾನು ಸೀಟಿನ ಮೇಲಿದ್ದ ಇನ್ನೊಂದು ಪಾನಾ ಎತ್ತಿ ತಳದ ತಗಡಿಗೆ ಬಲವಾಗಿ ಹೊಡೆದೆ. ಖಟ್.

"ಕೂಡ್ತ್ರಿ! ಬರ್ರಿ, ಲಗೂನ ಬರ್ರಿ!"

ಅವರು ಹೊರಗೆ ಬಂದರು. ಮೈಯೆಲ್ಲ ಕೆಸರು, ಮುಖದ ತುಂಬ ನಗೆ. ಆ ನಗೆಯನ್ನು ನೋಡಲಾಗಲಿಲ್ಲ. ಹತ್ತಿ ಕೂತು ಗೇರು ಹಾಕಿದರು. ಹಿಂದಿನ ಗಾಲಿ ಕೆಸರು ಉಗುಳಿತು. ಮುಂದಿನದು ಸತ್ತಂತೆ ನಿಂತಿತ್ತು. ಅವರು ಅರ್ಧಕ್ಕೇ ನಿಂತ ಹಿಡಿಕೆ ನೋಡಿದರು, ನನ್ನ ಕೈಯಲ್ಲಿನ ಪಾನಾ ನೋಡಿದರು. ಇಂಜಿನ್ ಕೆಮ್ಮಿ ಆರಿತು.

ಮತ್ತೆ ಕೆಳಗಿಳಿಯಲು ಹೊರಟವರ ಅಂಗಿಯನ್ನು ಹಿಡಿದೆ. "ನೀವು ಅದರ ಕೆಳಗ ಹೋದ್ರ ನಾ ಇಲ್ಲೇ ಕೂಡ್ತೀನಿ. ಬರೂದಿಲ್ಲ." ನೀರು ಬಾಗಿಲೊಳಗೆ ಬಂದು ನನ್ನ ಮೊಣಕಾಲು ಮುಟ್ಟಿತು. ಅವರು ಅದನ್ನೇ ನೋಡುತ್ತಾ ನಿಂತರು. ಆಮೇಲೆ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಒಡ್ಡು ಹತ್ತಿಸಿದರು.

ಟ್ರ್ಯಾಕ್ಟರ್ ಬರುವ ಹೊತ್ತಿಗೆ ಲಾರಿ ಮಗ್ಗಲಾಗಿ, ಅದರ ಒಂದು ಗಾಲಿ ಮಾತ್ರ ಕಾಣುತ್ತಿತ್ತು. ಊರಿಗೆ ಊರೇ ಒಡ್ಡಿನ ಮೇಲೆ ನೆರೆದಿತ್ತು. ಹೆಂಗಸರು ಅರಿಷಿಣ ಕುಂಕುಮ, ತೆಂಗಿನಕಾಯಿ ತಂದಿದ್ದರು. ಮೌನಮ್ಮ ಅಳುತ್ತಾ ನಗುತ್ತಾ ಬಂದು, "ದುರಗವ್ವಾ, ಗಂಗಿ ಬಂದಾಳವಾ! ಬಾ, ಉಡಿ ತುಂಬೂಣು" ಎಂದಳು. ನಮ್ಮ ಹೊಲದ ಕಡೆ, ಅಲ್ಲ, ಅವಳ ಹೊಲದ ಕಡೆ ನೀರು ಹರಿಯುತ್ತಿತ್ತು. ನಾನು ಏಳಲಿಲ್ಲ. ಅವಳು ನನ್ನ ಗಂಡನ ಮುಖ ನೋಡಿ, ಕಾಯಿ ಹಿಡಿದು ನೀರಿನ ಕಡೆ ಹೋದಳು.

ಜನ ಚದುರಿದ ಮೇಲೆ ಅವರು ಕೇಳಿದರು. "ಇನ್ನೊಂದೀಟು ಒತ್ತಿದ್ರ ಕೂಡ್ತಿತ್ತೇನೋ?"

"ಕೂಡ್ತಿತ್ತೇನೋ."

"ಇನ್ನೊಮ್ಮಿ ಹಂಗ ಸುಳ್ಳು ಹೇಳಿದ್ರ ನೋಡು."

"ಇನ್ನೊಮ್ಮಿನೂ ಹೇಳ್ತೀನ್ರಿ."

ಅವರು ಮೊಣಕಾಲ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಕಿವಿಯಿಂದ ಹೂಳಿನ ನೀರು ಇನ್ನೂ ಇಳಿಯುತ್ತಿತ್ತು. ನಾನು ಸೆರಗಿನಿಂದ ಒರೆಸಿದೆ.