ಇಂಚರಳನ್ನು ಕರೆದಾಗ

ನಾನು ಒಂದು ಕಂಚಿನ ಗಂಟೆ. ನಿಂಬೆಹಣ್ಣಿನಷ್ಟು ಮೈ, ಮೇಲೊಂದು ಸಣ್ಣ ಹಿಡಿ, ಒಳಗೆ ನಾಲಗೆ. ಹುಟ್ಟಿದ್ದು ನಾಗಮಂಗಲದಲ್ಲಿ, ಸಿದ್ದಾಚಾರಿ ಎಂಬುವವರ ಕುಲುಮೆಯಲ್ಲಿ. ಮೊದಲು ಮೇಣದಲ್ಲಿ ನನ್ನ ಆಕಾರ ಮಾಡಿದರು. ಅದರ ಮೇಲೆ ಜೇಡಿಮಣ್ಣು ಮೆತ್ತಿ ಬೆಂಕಿಗಿಟ್ಟರು. ಮೇಣ ಕರಗಿ ಹರಿದುಹೋಯಿತು. ಅದು ಬಿಟ್ಟುಹೋದ ಜಾಗಕ್ಕೆ ಕುದಿಯುವ ಕಂಚು ಹುಯ್ದರು. ಹೀಗೆ ಇನ್ನೊಂದು ಕರಗಿಹೋದ ಜಾಗದಲ್ಲಿ ನಾನು ಹುಟ್ಟಿದೆ.

ನನ್ನನ್ನು ಕೊಳ್ಳಲು ಬಂದವರು ವಸುಮತಿ ಮಿಸ್. ಮಂಡ್ಯ ಸೀಮೆಯ ಒಂದು ಪಟ್ಟಣದಲ್ಲಿ ಪುರಸಭೆಯವರು ನಡೆಸುವ ಮಾಂಟೆಸ್ಸರಿ ಶಾಲೆಯ ಟೀಚರ್.

"ಯಾವ ದೇವರಿಗಮ್ಮ?" ಎಂದು ಸಿದ್ದಾಚಾರಿ ಕೇಳಿದರು.

"ಶಾಲೆಗೆ. ಮಕ್ಕಳು ಇದನ್ನ ಸದ್ದಾಗದಂಗೆ ಹಿಡ್ಕೊಂಡು ನಡೀಬೇಕು."

"ಸದ್ದಾಗಬಾರದು ಅಂದ್ರೆ ನಾಲಗೆ ಯಾಕ್ರಮ್ಮ? ತೆಗೆದುಕೊಡ್ಲಾ?"

"ಬೇಡ ಬೇಡ," ಎಂದು ಮಿಸ್ ನಕ್ಕರು. "ನಾಲಗೆ ಇದ್ರೇನೆ ಆಟ."

ಶಾಲೆಯೆಂದರೆ ಕೆಂಪು ಗಾರೆ ನೆಲದ ಒಂದು ದೊಡ್ಡ ಕೋಣೆ, ಪಕ್ಕದಲ್ಲೊಂದು ಚಿಕ್ಕ ಕೋಣೆ, ಮುಂದೆ ಜಗಲಿ. ಆಚೆ ಬದಿಯ ಕೋಣೆಯಲ್ಲಿ ದೊಡ್ಡ ಮಕ್ಕಳು. ದೊಡ್ಡ ಕೋಣೆಯ ನೆಲದ ಮೇಲೆ ಬಿಳಿ ಬಣ್ಣದಲ್ಲಿ ಮೊಟ್ಟೆಯಾಕಾರದ ಗೆರೆ ಎಳೆದಿದ್ದರು. ಮಕ್ಕಳು ಒಬ್ಬೊಬ್ಬರಾಗಿ ನನ್ನನ್ನು ಹಿಡಿದು ಆ ಗೆರೆಯ ಮೇಲೆ ಸುತ್ತು ಬರಬೇಕು. ಸದ್ದಾದರೆ ಯಾರೂ ಬೈಯುತ್ತಿರಲಿಲ್ಲ. ಮಗು ತಾನೇ ನಾಚಿಕೊಂಡು ನನ್ನನ್ನು ಮಣೆಯ ಮೇಲಿಟ್ಟು ಹೋಗುತ್ತಿತ್ತು.

ಕಿಟಕಿಯಾಚೆ ನಿಂತು ನೋಡುವ ತಂದೆತಾಯಿಗಳಿಗೆ ಇದೊಂದೂ ಅರ್ಥವಾಗುತ್ತಿರಲಿಲ್ಲ. ಹೋಂವರ್ಕ್ ಇಲ್ಲ, ಮಾರ್ಕ್ಸ್ ಇಲ್ಲ, ಬೆತ್ತವಿಲ್ಲ. ಮಕ್ಕಳು ಚಾಪೆ ಹಾಸಿಕೊಂಡು ಮಣಿ ಎಣಿಸುತ್ತವೆ, ಒಂದು ಚೊಂಬಿನಿಂದ ಇನ್ನೊಂದಕ್ಕೆ ನೀರು ಹುಯ್ಯುತ್ತವೆ, ತಿಂದ ತಟ್ಟೆ ತಾವೇ ತೊಳೆಯುತ್ತವೆ. "ತಟ್ಟೆ ತೊಳಿಯೋಕೆ ಶಾಲೆಗೆ ಕಳಿಸ್ಬೇಕಾ? ಮನೇಲಿ ತಟ್ಟೆ ಇಲ್ವಾ?" ಎಂದು ಒಂದಿಬ್ಬರು ಮಕ್ಕಳನ್ನು ಬಿಡಿಸಿಕೊಂಡೇ ಹೋದರು.

ಕಮಲಾಕ್ಷಿಯೂ ಹಾಗೆ ಹೋಗಬೇಕೆಂದಿದ್ದವಳು. ಮನೆಯಲ್ಲಿ ಸೀರೆಗೆ ಫಾಲ್ಸ್ ಹಚ್ಚುವ ಕೆಲಸ ಅವಳದು. ಗಂಡ ಬೋರಲಿಂಗು ಕರೆಂಟ್ ಕಂಬ ಹತ್ತುವ ಲೈನ್‌ಮ್ಯಾನ್. ಒಬ್ಬಳೇ ಮಗಳು ಇಂಚರ.

"ಪಕ್ಕದ ಮನೆ ಹುಡುಗಿ ಆಗಲೇ ಎ ಬಿ ಸಿ ಡಿ ಒಪ್ಪಿಸ್ತಾಳೆ ಮಿಸ್. ನಮ್ಮವಳು ಗಂಟೆ ಹಿಡ್ಕೊಂಡು ಗಿರಗಿರ ಸುತ್ತುತಾಳೆ. ಇದೆಂಥ ಓದು?"

"ಸ್ವಲ್ಪ ತಡೀರಿ," ಎಂದರು ವಸುಮತಿ ಮಿಸ್. "ಕಿಟಕೀಲಿ ನಿಂತು ನೋಡಿ."

ಇಂಚರಳ ಕೈಯಲ್ಲಿ ನಾನು ಹೆಜ್ಜೆಹೆಜ್ಜೆಗೂ ಕಿಣಿಗುಟ್ಟುತ್ತಿದ್ದೆ. ಅವಳಿಗೆ ಸಿಟ್ಟು ಬಹಳ. ಒಮ್ಮೆ ನನ್ನನ್ನು ಗೋಡೆಗೆ ಎಸೆದು, ಆಮೇಲೆ ತಾನೇ ಎತ್ತಿಕೊಂಡು ಲಂಗದಲ್ಲಿ ಒರೆಸಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ನಡೆ ಬದಲಾಯಿತು. ಒಂದು ಬೆಳಿಗ್ಗೆ ಉಸಿರು ಬಿಗಿಹಿಡಿದು, ಕಣ್ಣು ನನ್ನ ಮೇಲಿಟ್ಟು, ಹಿಮ್ಮಡಿಗೆ ಕಾಲ್ಬೆರಳು ಮುಟ್ಟಿಸಿ ಹೆಜ್ಜೆಯಿಡುತ್ತಾ ಪೂರ್ತಿ ಸುತ್ತು ಬಂದಳು. ನಾನು ಉಸಿರೆತ್ತಲಿಲ್ಲ. ಕಿಟಕಿಯಲ್ಲಿ ಕಮಲಾಕ್ಷಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಂದಿನಿಂದ ಅವಳು ಎ ಬಿ ಸಿ ಡಿ ಮಾತೆತ್ತಲಿಲ್ಲ. ಬೀದಿಯಲ್ಲಿ ಸಿಕ್ಕವರಿಗೆಲ್ಲ ಈ ಶಾಲೆಗೇ ಮಕ್ಕಳನ್ನು ಸೇರಿಸಿ ಎನ್ನತೊಡಗಿದಳು.

ಆ ಶಾಲೆಯಲ್ಲಿ ಮೌನದ ಆಟ ಎಂದು ಇನ್ನೊಂದಿತ್ತು. ಕಿಟಕಿ ಅರ್ಧ ಮುಚ್ಚುವರು. ಮಕ್ಕಳು ಮಿಸುಕದೆ ಕೂರುವರು. ವಸುಮತಿ ಮಿಸ್ ಪಕ್ಕದ ಚಿಕ್ಕ ಕೋಣೆಗೆ ಹೋಗಿ, ಅಲ್ಲಿಂದ ಒಂದೊಂದೇ ಹೆಸರನ್ನು ಪಿಸುದನಿಯಲ್ಲಿ ಕರೆಯುವರು. ಹೆಸರು ಬಂದ ಮಗು ಸದ್ದಿಲ್ಲದೆ ಎದ್ದು ಅವರ ಬಳಿ ಹೋಗಬೇಕು. ಇಂಚರ ಎಷ್ಟು ಮೆತ್ತಗೆ ಏಳುತ್ತಿದ್ದಳೆಂದರೆ, ಅವಳ ಗೆಳತಿ ನಸೀಮಾಳಿಗೆ ಪಕ್ಕದ ಜಾಗ ಖಾಲಿಯಾದದ್ದೇ ತಿಳಿಯುತ್ತಿರಲಿಲ್ಲ.

ಮುಂದಿನ ವರ್ಷ ಊರಿನಲ್ಲಿ ಡೆಂಗಿ ಜ್ವರ ಬಂತು. ಇಂಚರ ಶಾಲೆಗೆ ಬರುವುದು ನಿಂತಿತು. ಆಮೇಲೆ ಒಂದು ದಿನ ಶಾಲೆಗೆ ರಜೆ ಕೊಟ್ಟರು. ವಸುಮತಿ ಮಿಸ್ ಮಾತ್ರ ಒಳಗೆ ಬಂದು, ಇಂಚರಳ ಹೆಸರು ಬರೆದಿದ್ದ ಚಾಪೆಯನ್ನು ಸುರುಳಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು.

ಕೆಲವು ವಾರ ಕಳೆದ ಮೇಲೆ ಮಕ್ಕಳೇ ಕೇಳಿದ್ದಕ್ಕೆ ಮತ್ತೆ ಮೌನದ ಆಟ ಆಡಿಸಿದರು. ಹೆಸರುಗಳು ಒಂದೊಂದಾಗಿ ಬಂದವು. ಮಿಸ್ ಅವರ ನಾಲಗೆಗೆ ಅಭ್ಯಾಸವಾಗಿತ್ತು, ತಡೆಯಲಾಗಲಿಲ್ಲ. ಒಳಗಿನಿಂದ ಪಿಸುದನಿ ಬಂತು: "ಇಂಚರ..."

ಯಾರೂ ನಗಲಿಲ್ಲ, ಯಾರೂ ಅಳಲಿಲ್ಲ. ನಸೀಮಾ ಪಕ್ಕದ ಖಾಲಿ ನೆಲವನ್ನು ನೋಡಿದಳು. ಆಮೇಲೆ ಮುಂದೆ ಕೂತಿದ್ದ ಮಗು ಸ್ವಲ್ಪ ಸರಿಯಿತು. ಅದರ ಮುಂದಿನದು ಮೊಣಕಾಲು ಒಳಗೆಳೆದುಕೊಂಡಿತು. ಬಾಗಿಲ ಹತ್ತಿರದ ಮಗು ಚಾಚಿದ ಕಾಲು ಮಡಚಿತು. ಯಾರೋ ಎದ್ದು ಹೋಗುತ್ತಿರುವವರಿಗೆ ದಾರಿ ಬಿಟ್ಟ ಹಾಗೆ. ಎಲ್ಲರ ಕಣ್ಣೂ ನಿಧಾನವಾಗಿ ಬಾಗಿಲತನಕ ಹೋಗಿ ಅಲ್ಲಿ ನಿಂತವು.

ಆಮೇಲೆ ಎಷ್ಟೋ ಕಾಲ ಮಿಸ್ ಆ ಆಟ ಆಡಿಸಲಿಲ್ಲ.

ಕಮಲಾಕ್ಷಿ ಶಾಲೆ ಬಿಡುವ ಹೊತ್ತಿಗೆ ದಿನವೂ ಬಂದು ಜಗಲಿಯಲ್ಲಿ ನಿಲ್ಲುತ್ತಿದ್ದಳು. ಎಲ್ಲ ಮಕ್ಕಳೂ ಹೋದ ಮೇಲೆ ಒಳಗೊಮ್ಮೆ ಇಣುಕಿ ತಿರುಗಿ ಹೋಗುವಳು. ಒಂದು ಸಂಜೆ ಬಾಯಿ ಬಿಟ್ಟಳು. "ಆ ಗಂಟೆ ಕೊಡ್ತೀರಾ ಮಿಸ್? ಅವಳಿಗೆ ಅದು ಬೇಕಂತೆ."

ಬೇಕಂತೆ ಎಂದದ್ದು ಕೇಳಿ ಮಿಸ್ ಅವಳ ಮುಖ ನೋಡಿದರು. ನನ್ನನ್ನು ತೆಗೆದು ಅವಳ ಕೈಗಿಟ್ಟರು.

ಆ ಮನೆಯಲ್ಲಿ ಮಗುವಿನ ಚಪ್ಪಲಿ ಬಾಗಿಲಲ್ಲೇ ಇತ್ತು. ಗೋಡೆಯ ಮೇಲೆ ಇಂಚರಳ ಫೋಟೋ ಹಾಕಲು ಕಮಲಾಕ್ಷಿ ಬಿಟ್ಟಿರಲಿಲ್ಲ. ಮಧ್ಯಾಹ್ನ ಹೊಲಿಗೆ ಬದಿಗಿಟ್ಟು, ನನ್ನನ್ನು ಹಿಡಿದು ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ ಸದ್ದಾಗದಂತೆ ನಡೆಯುತ್ತಿದ್ದಳು. ಬೋರಲಿಂಗು ಒಮ್ಮೆ ಊಟಕ್ಕೆ ಬಂದವನು ಅದನ್ನು ಕಂಡು ಹೊಸ್ತಿಲಲ್ಲೇ ನಿಂತ.

"ಕಮಲಾ, ಅದನ್ನ ಶಾಲೆಗೆ ವಾಪಸ್ ಕೊಟ್ಬಿಡೋಣ ಕಣೆ."

"ಮೆತ್ತಗೆ ಮಾತಾಡಿ," ಎಂದಳು ಅವಳು. "ಈಗಿನ್ನೂ ಮಲಗವ್ಳೆ."

ಅವನು ಮಂಚದ ಕಡೆ ನೋಡಿದ. ಹಾಸಿಗೆ ಹಾಸಿತ್ತು, ಮೇಲೆ ಯಾರೂ ಇರಲಿಲ್ಲ. ಕೈಕಾಲು ತೊಳೆಯದೆ, ಊಟ ಮಾಡದೆ ಹೊರಟುಹೋದ.

ವರ್ಷವೊಂದು ಕಳೆದು ಆ ಮನೆಯಲ್ಲಿ ಇನ್ನೊಂದು ಹೆಣ್ಣುಮಗು ಹುಟ್ಟಿತು. "ಅವಳೇ ಬಂದವ್ಳೆ," ಎಂದಳು ಕಮಲಾಕ್ಷಿ. ತೊಟ್ಟಿಲಲ್ಲಿ ಹಾಕಿ ಅದೇ ಹೆಸರು ಕರೆದಳು. ಬೋರಲಿಂಗು ಬೇಡವೆನ್ನಲು ಹೋಗಿ, ವರ್ಷದಿಂದ ಕಾಣದಿದ್ದ ನಗುವನ್ನು ಹೆಂಡತಿಯ ಮುಖದಲ್ಲಿ ಕಂಡು ಸುಮ್ಮನಾದ.

ಚಿಕ್ಕ ಇಂಚರ ಅಕ್ಕನ ಲಂಗ ಉಟ್ಟು, ಅಕ್ಕನ ತಟ್ಟೆಯಲ್ಲಿ ಉಂಡು ಬೆಳೆದಳು. ಅಕ್ಕ ಇದ್ದಳೆಂದು ಅವಳಿಗೆ ಯಾರೂ ಹೇಳಲಿಲ್ಲ. ಆದರೆ ಅವಳು ನಡೆಯುವುದನ್ನು ಕಲಿತ ಕೂಡಲೇ ತಾಯಿ ನನ್ನನ್ನು ಅವಳ ಕೈಗಿಟ್ಟಳು. ಎರಡು ಹೆಜ್ಜೆಗೆ ನಾನು ಕಿಣಿ ಎಂದೆ. ಕಮಲಾಕ್ಷಿಯ ಮುಖ ಬಾಡಿತು.

"ನಿಂಗೆ ಬರ್ತಿತ್ತಲ್ಲ ಕಂದ. ಮರೆತುಬಿಟ್ಯಾ?"

ಆ ಮಗು ತನಗೆ ಯಾವಾಗ ಬರುತ್ತಿತ್ತೆಂದು ಯೋಚಿಸುತ್ತಾ ನಿಂತಿತು. ಇಂಥ ಮಾತು ಆ ಮನೆಯಲ್ಲಿ ದಿನವೂ ಬರುತ್ತಿತ್ತು. ನಿಂಗೆ ಬೆಂಡೆಕಾಯಿ ಇಷ್ಟ ಇತ್ತಲ್ಲ. ನೀನು ಈ ಹಾಡಿಗೆ ಕುಣೀತಿದ್ದೆಯಲ್ಲ. ಹೀಗೆ ಕೇಳಿ ಕೇಳಿ ಮನೆಯಲ್ಲಿ ಇನ್ನೊಬ್ಬಳಿದ್ದಾಳೆ ಎಂದು ಅವಳು ತಾನಾಗಿಯೇ ಕಂಡುಕೊಂಡಳು. ಮಲಗುವಾಗ ಗೋಡೆಗೆ ಒತ್ತಿಕೊಂಡು ಮಲಗಿ ಇನ್ನೊಂದು ಬದಿ ಬಿಡುತ್ತಿದ್ದಳು. ಬನ್ ಕೊಟ್ಟರೆ ಅರ್ಧ ತಿಂದು ಅರ್ಧ ತಟ್ಟೆಯಲ್ಲೇ ಇಡುವಳು. "ಇಂಚರ" ಎಂದು ಕೂಗಿದರೆ ತಕ್ಷಣ ಓಗೊಡುತ್ತಿರಲಿಲ್ಲ. ಇನ್ನೊಬ್ಬಳು ಓಗೊಡುತ್ತಾಳೇನೋ ಎಂದು ಮೊದಲು ಕಾಯುತ್ತಿದ್ದಳು. ಕಿವಿ ಮಂದವೇನೋ ಎಂದು ಬೋರಲಿಂಗು ಡಾಕ್ಟರಿಗೆ ತೋರಿಸಿದ. ಕಿವಿ ಸರಿಯಾಗಿಯೇ ಇತ್ತು.

ವಯಸ್ಸಾದ ಕೂಡಲೇ ಕಮಲಾಕ್ಷಿ ಅವಳನ್ನು ಅದೇ ಶಾಲೆಗೆ ಕರೆತಂದಳು. ಜೊತೆಗೆ ನನ್ನನ್ನೂ ತಂದಳು. ವಸುಮತಿ ಮಿಸ್ ಬಾಗಿಲಲ್ಲಿ ಆ ಲಂಗ ನೋಡಿ ಚೌಕಟ್ಟು ಹಿಡಿದುಕೊಂಡರು.

"ಹೆಸರು?"

"ಏನ್ ಮಿಸ್ ಹೀಗೆ ಕೇಳ್ತೀರಿ? ನಮ್ಮ ಇಂಚರ. ಅದೇ ಚಾಪೆ ಕೊಡಿ ಇವಳಿಗೆ."

ಮಗು ಚಾಪೆ ಬಿಡಿಸಿ ಅದರ ಒಂದು ಅಂಚಿನಲ್ಲಿ ಕೂತಿತು. ಮಣಿಗಳನ್ನೂ ಅರ್ಧ ಚಾಪೆಯಲ್ಲೇ ಜೋಡಿಸಿತು. ಮಿಸ್ ಎಷ್ಟು ಹೇಳಿದರೂ ಆ ಕಡೆ ಕೈಯಿಡಲಿಲ್ಲ. ನಸೀಮಾ ಈಗ ದೊಡ್ಡ ಮಕ್ಕಳ ಕೋಣೆಯಲ್ಲಿದ್ದಳು. ಚಿಕ್ಕವರಿಗೆ ಅಕ್ಷರ ತೋರಿಸಲು ಆಗಾಗ ಈಚೆ ಬರುವಳು. ಒಂದು ದಿನ ಆ ಚಾಪೆಯ ಹತ್ತಿರ ಕೂತು ಕೇಳಿದಳು:

"ಆ ಕಡೆ ಯಾಕೆ ಬಿಟ್ಟಿದ್ದೀಯ?"

"ಅವಳಿಗೆ."

ನಸೀಮಾ ನಗಲಿಲ್ಲ. ಸುತ್ತ ನೋಡಿ ದನಿ ತಗ್ಗಿಸಿದಳು. "ನಂಗೆ ಅವಳು ಗೊತ್ತು. ನಿಮ್ಮಕ್ಕ. ನನ್ನ ಜೊತೆ ಇದ್ದಳು. ಜ್ವರ ಬಂದು ಸತ್ತುಹೋದಳು."

"ಅವಳು ಗಂಟೆ ಬಾರಿಸ್ತಾನೇ ಇರಲಿಲ್ವಾ?"

"ಬಾರಿಸದೆ ಏನು! ಸಿಟ್ಟು ಬಂದು ಗೋಡೆಗೆ ಎಸೆದಿದ್ದಳು. ನನ್ನ ಕೈ ಒಂದ್ಸಲ ಕಚ್ಚಿದ್ದಳು. ನೋಡು, ಇಲ್ಲೇ."

ಚಿಕ್ಕವಳು ನಸೀಮಾಳ ಮುಂಗೈಯನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಅಲ್ಲಿ ಗುರುತೇನೂ ಉಳಿದಿರಲಿಲ್ಲ. ಆದರೂ ಆ ದಿನ ಮೊದಲ ಬಾರಿಗೆ ಅವಳು ಆ ಶಾಲೆಯಲ್ಲಿ ನಕ್ಕಳು.

ವರ್ಷದ ಕೊನೆಗೆ ಮನೆಯವರನ್ನೆಲ್ಲ ಶಾಲೆಗೆ ಕರೆದರು. ಮಕ್ಕಳು ಕೆಲಸ ಮಾಡುವುದನ್ನು ತಂದೆತಾಯಿಗಳು ಗೋಡೆಗೆ ಒರಗಿ ಕೂತು ನೋಡುವ ದಿನ. ಕಮಲಾಕ್ಷಿ ಮುಂದೆ ಕೂತಿದ್ದಳು. ಬೋರಲಿಂಗು ಖಾಕಿ ಅಂಗಿಯಲ್ಲೇ ಬಂದು ಹಿಂದೆ ನಿಂತಿದ್ದ. ಎಲ್ಲ ಮುಗಿದ ಮೇಲೆ ವಸುಮತಿ ಮಿಸ್ ಮಕ್ಕಳನ್ನು ನೆಲದ ಮೇಲೆ ಕೂರಿಸಿದರು. ಆಮೇಲೆ ಹೋಗಿ ಕಿಟಕಿಗಳನ್ನು ಅರ್ಧ ಮುಚ್ಚಿದರು. ಎಷ್ಟೋ ವರ್ಷಗಳ ಮೇಲೆ ಮೌನದ ಆಟ.

ಹೆಸರುಗಳು ಒಂದೊಂದಾಗಿ ಬಂದವು. ಮಕ್ಕಳು ಒಬ್ಬೊಬ್ಬರಾಗಿ ಎದ್ದುಹೋದರು. ಕೊನೆಗೆ ಕೆಂಪು ನೆಲದ ಮೇಲೆ ಒಬ್ಬಳೇ ಉಳಿದಳು.

"ಇಂಚರ..."

ಮಗು ಏಳಲಿಲ್ಲ. ಮತ್ತೊಮ್ಮೆ ಕರೆದರು. ಕಮಲಾಕ್ಷಿಗೆ ತಡೆಯಲಾಗಲಿಲ್ಲ. "ಹೋಗು ಕಂದ. ನಿನ್ನನ್ನೇ ಕರೀತಿರೋದು."

ಮಗು ತಿರುಗಿ ತಾಯಿಯನ್ನು ನೋಡಿತು. ಆ ಮುಖದಲ್ಲಿ ಹಟವಿರಲಿಲ್ಲ, ಭಯವೂ ಇರಲಿಲ್ಲ.

"ಅವಳನ್ನ ಕರೆದದ್ದು ಕಣಮ್ಮ. ಅವಳು ಎದ್ದು ಹೋದಳು. ಈಗ ನನ್ನನ್ನ ಕರಿ ಅಂತ ಮಿಸ್‌ಗೆ ಹೇಳು."

ಒಳಗಿನ ಕೋಣೆಯಿಂದ ಏನೂ ಕೇಳಿಸಲಿಲ್ಲ. ಕರೆಯಲು ಆ ಮಗುವಿಗೆ ಹೆಸರೇ ಇರಲಿಲ್ಲ. ಕಮಲಾಕ್ಷಿ ಎದ್ದು ಆ ಬಿಳಿ ಗೆರೆ ದಾಟಿ ಪಕ್ಕದ ಕೋಣೆಗೆ ಹೋದಳು. ಬಾಗಿಲಲ್ಲಿ ನಿಂತು ಈ ಕಡೆ ತಿರುಗಿದಳು.

"ನಿನ್ನನ್ನ... ನಿನ್ನನ್ನ ಏನಂತ ಕರೀಲಿ?"

"ಗೊತ್ತಿಲ್ಲ," ಎಂದಿತು ಮಗು. "ಸುಮ್ನೆ ಕರಿ."

ಕಮಲಾಕ್ಷಿ ಅಲ್ಲೇ ಕುಸಿದು ಕೂತು ಅತ್ತಳು. ಮಗಳು ಸತ್ತಾಗ ಅಳದೆ ಇಟ್ಟುಕೊಂಡದ್ದೆಲ್ಲ ಹೊರಗೆ ಬಂತು. ಬೋರಲಿಂಗು ಖಾಕಿ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಹೋಗಿ ಪಕ್ಕದಲ್ಲಿ ಕೂತ. ಮಗು ಎದ್ದು, ದಡದಡ ಸದ್ದು ಮಾಡಿಕೊಂಡೇ ಓಡಿಹೋಗಿ ಇಬ್ಬರ ನಡುವೆ ನುಗ್ಗಿತು.

ಹೊಸ ಹೆಸರು ಸಿಗಲು ಒಂದಷ್ಟು ದಿನ ಬೇಕಾಯಿತು. ಮಗುವೇ ಬಾಯಿಗೆ ಬಂದದ್ದನ್ನೆಲ್ಲ ಇಟ್ಟುಕೊಂಡು ನೋಡಿತು. ಒಂದು ದಿನವಿಡೀ ತನ್ನನ್ನು ಟೊಮ್ಯಾಟೊ ಎಂದು ಕರೆಯಬೇಕೆಂದು ಎಲ್ಲರಿಗೂ ತಾಕೀತು ಮಾಡಿತು. ಕೊನೆಗೆ ಬಿಂದು ಎಂದು ನಿಂತಿತು. ಕಮಲಾಕ್ಷಿ ಬಾಯಿ ತಪ್ಪಿ ಹಳೆಯ ಹೆಸರು ಕರೆದಾಗ ಬಿಂದು ತಿರುಗಿಯೂ ನೋಡುತ್ತಿರಲಿಲ್ಲ. ತಾಯಿಯೇ ನಾಲಗೆ ಕಚ್ಚಿಕೊಂಡು ಸರಿಮಾಡಿಕೊಳ್ಳುವಳು. ಮನೆಯ ಗೋಡೆಗೆ ದೊಡ್ಡವಳ ಫೋಟೋ ಬಂತಂತೆ. ನಾನು ಅದನ್ನು ನೋಡಿಲ್ಲ. ನಾನು ಶಾಲೆಯಲ್ಲೇ ಉಳಿದೆ. ಬಿಂದು ನನ್ನನ್ನು ಮತ್ತೆ ಮುಟ್ಟಲಿಲ್ಲ. ಅವಳಿಗೆ ನೀರು ಹುಯ್ಯುವ ಕೆಲಸ ಇಷ್ಟ. ಸುತ್ತಲೂ ಚೆಲ್ಲಿ, ಒರೆಸಿ, ಮತ್ತೆ ಹುಯ್ಯುತ್ತಿದ್ದಳು.

ಈಗ ನನ್ನ ನಾಲಗೆಯ ಕೊಂಡಿ ಸವೆದು ಕಳಚಿಹೋಗಿದೆ. ಶಾಲೆಗೆ ಹೊಸ ಗಂಟೆ ಬಂದಿದೆ. ವಸುಮತಿ ಮಿಸ್ ನಿವೃತ್ತರಾದರು. ಮುರಿದ ಮಣಿಸರ, ಕಾಲು ಹೋದ ಪುಟ್ಟ ಕುರ್ಚಿಗಳ ಜೊತೆ ಸಾಮಾನು ಕೋಣೆಯ ಕಿಟಕಿಯಲ್ಲಿ ನಾನಿದ್ದೇನೆ. ಆಚೆಗೆ ಜಗಲಿ. ಶಾಲೆ ಖಾಲಿಯಾದ ಸಂಜೆಗಳಲ್ಲಿ ಕೆಂಪು ನೆಲದ ಮೇಲೆ ಯಾರೋ ಬರಿಗಾಲಲ್ಲಿ ನಿಧಾನ ಸುತ್ತುತ್ತಿದ್ದಾರೆ ಎಂದು ಒಮ್ಮೊಮ್ಮೆ ಅನಿಸುತ್ತದೆ. ನನಗೆ ಹೆದರಿಕೆಯಿಲ್ಲ. ಸತ್ತ ಮಗು ಸತ್ತ ಮಗುವಾಗಿಯೇ ಬಂದರೆ ಯಾರಿಗೂ ತೊಂದರೆಯಿಲ್ಲ. ಬದುಕಿರುವ ಮಗುವಿನ ಮೈಯಲ್ಲಿ ಅದನ್ನು ಕೂರಿಸಿದಾಗಲೇ ಎರಡೂ ಮಕ್ಕಳು ನೆಲೆಯಿಲ್ಲದೆ ಅಲೆಯುತ್ತವೆ.

ಮೊನ್ನೆ ಕಮಲಾಕ್ಷಿ ಶಾಲೆ ಬಿಡುವುದನ್ನು ಕಾಯುತ್ತಾ ಜಗಲಿಯಲ್ಲಿ ಕೂತಿದ್ದಳು. ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಮಗುವನ್ನು ಹೊಸದಾಗಿ ಸೇರಿಸಿದ ಯಾರೋ ಹೆಂಗಸು ಪಕ್ಕದಲ್ಲಿ ಕೂತು ಮಾತು ತೆಗೆದಳು.

"ನಿಮಗೆಷ್ಟು ಮಕ್ಕಳಕ್ಕ?"

ಕಮಲಾಕ್ಷಿ ನಲ್ಲಿಯ ಕಡೆ ನೋಡಿದಳು.

"ಇಬ್ಬರು," ಎಂದಳು. "ಚಿಕ್ಕವಳು ಬಿಂದು, ಅಗೋ, ನಲ್ಲಿ ಹತ್ರ ಒದ್ದೆ ಮಾಡ್ಕೊಂಡು ನಿಂತವ್ಳಲ್ಲ, ಅವಳು. ದೊಡ್ಡವಳು ಇಂಚರ. ತೀರಿಕೊಂಡಳು."

ಆ ಹೆಂಗಸು ಅವಳ ಕಡೆ ತಿರುಗಿ ಕೂತಳು. ಕಮಲಾಕ್ಷಿಯೇ ಮುಂದುವರಿಸಿದಳು. "ಬಲು ಸಿಟ್ಟಿನವಳು ಕಣಮ್ಮ ಅವಳು. ಒಂದಿನ ಏನ್ ಮಾಡಿದ್ಲು ಗೊತ್ತಾ..." ಎಂದು ಅವಳು ಹೇಳತೊಡಗಿದಳು. ಹೇಳುತ್ತಾ ಹೇಳುತ್ತಾ ನಡುವೆ ಅವಳಿಗೆ ನಗು ಬಂತು.